ಷಡ್ಡಕನ ಪೋಕರ್ ರ‍್ಯಾಂಕು

ಗಂಡಸಾದವನು ಈ ಲೋಕದಲ್ಲಿ ಏನನ್ನು ಬೇಕಾದರೂ ಸಹಿಸಿಯಾನು, ಷಡ್ಡಕನ ಏಳಿಗೆಯೊಂದನ್ನು ಬಿಟ್ಟು. ಅಣ್ಣತಮ್ಮಂದಿರು ಉದ್ಧಾರವಾದರೆ ಮನೆತನಕ್ಕೆ ಹೆಸರು, ನೆರೆಮನೆಯವನು ಉದ್ಧಾರವಾದರೆ ಓಣಿಗೆ ಹೆಸರು. ಆದರೆ ಹೆಂಡತಿಯ ತಂಗಿಯ ಗಂಡ ಉದ್ಧಾರವಾದರೆ ಅದು ದಿನಾ ಎರಡು ಹೊತ್ತು ನಮ್ಮ ತಾಟಿಗೆ ರೊಟ್ಟಿಯ ಜೊತೆ ಬಂದು ಬೀಳುತ್ತದೆ.

ನಾನು ಮುತ್ತಣ್ಣ. ರೋಣದ ಪೇಟೆಯಲ್ಲಿ ನನ್ನದೊಂದು ಭಾಂಡೆ ಅಂಗಡಿ ಇದೆ. ಸ್ಟೀಲಿನ ತಂಬಿಗೆಯಿಂದ ಹಿಡಿದು ಮದುವೆ ಅಡಿಗೆಯ ಹಂಡೆಯವರೆಗೆ ಎಲ್ಲ ಸಿಗುತ್ತದೆ (ಸದ್ದು ಉಚಿತ). ನನ್ನ ಷಡ್ಡಕ ಗುರುಪಾದ ನರಗುಂದದಲ್ಲಿ ಬೀಜ, ಗೊಬ್ಬರದ ವ್ಯಾಪಾರಿ. ನಾನು ಸ್ಕೂಟರ್ ಕೊಂಡ ವರ್ಷ ಅವನು ಕಾರು ಕೊಂಡ. ನಾನು ಮನೆಗೆ ಸುಣ್ಣ ಬಳಿಸಿದಾಗ ಅವನು ಬಾಲ್ಕನಿ ಕಟ್ಟಿಸಿದ. ನನ್ನ ತಲೆಗೂದಲು ಹಿಂದೆ ಸರಿದಂತೆಲ್ಲ ಅವನದು ಮುಂದೆ ಮುಂದೆ ಬಂತು. ಇಷ್ಟನ್ನೆಲ್ಲ ನಾನು ನುಂಗಿಕೊಂಡಿದ್ದೆ. ಇಸ್ಪೀಟಿನಲ್ಲಿ ಮಾತ್ರ ಅವನು ಯಾವತ್ತೂ ನನ್ನ ಮುಂದೆ ಗೆದ್ದವನಲ್ಲ ಎಂಬ ಒಂದೇ ಸಮಾಧಾನದ ಮೇಲೆ ನನ್ನ ಸಂಸಾರ ನಿಂತಿತ್ತು.

ಗಜೇಂದ್ರಗಡದಲ್ಲಿ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯವಿತ್ತು. ಊಟವಾದ ಮೇಲೆ ಗಂಡಸರೆಲ್ಲ ಜಮಖಾನೆಯ ಮೇಲೆ ಕೂತು ಇಸ್ಪೀಟಿನ ಎಲೆ ಕಲಸಿದೆವು. ಗುರುಪಾದ ಎಲೆ ಮುಟ್ಟಲಿಲ್ಲ. ಕಿಸೆಯಿಂದ ಫೋನು ತೆಗೆದು, ತಾನೀಗ ಇಂಥ ಸಣ್ಣ ಆಟ ಬಿಟ್ಟಿರುವುದಾಗಿಯೂ, ಆನ್‌ಲೈನ್ ಪೋಕರ್ ಟೂರ್ನಮೆಂಟ್ ಆಡುತ್ತಿರುವುದಾಗಿಯೂ, ದೇಶದಲ್ಲಿ ತನ್ನ ರ‍್ಯಾಂಕು ಹನ್ನೊಂದು ಸಾವಿರವೆಂದೂ ತಿಳಿಸಿದ. ಕೂತವರು ‘ದೇಶ’ ಎಂಬ ಮಾತು ಕೇಳಿ ‘ಹನ್ನೊಂದು ಸಾವಿರ’ವನ್ನು ಮರೆತುಬಿಟ್ಟರು. ಅಸೂಟಿಯಿಂದ ಬಂದಿದ್ದ ಹಿರಿಯರೊಬ್ಬರು ಅವನಿಗೆ ತಮ್ಮ ತಕ್ಕೆದಿಂಬನ್ನೇ ಬಿಟ್ಟುಕೊಟ್ಟರು. ಒಳಮನೆಯಲ್ಲಿ ಹೆಂಗಸರಿಗೂ ಸುದ್ದಿ ಮುಟ್ಟಿತು.

ರೋಣಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಹೆಂಡತಿ ಶ್ವೇತಾ ಸೆರಗು ಸರಿಮಾಡಿಕೊಂಡು ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು.

“ಗುರುಪಾದ ಅವರಿಗೆ ರ‍್ಯಾಂಕ್ ಬಂದೈತಿ. ನಿಮಗೇನ್ ಬಂದೈತ್ರಿ?”

ನನಗೆ ಬಂದದ್ದು ಪಿತ್ತ. ಬಸ್ಸು ಇಳಿಯುವುದರೊಳಗೆ ನಾನೂ ಪೋಕರ್ ಆಡುವುದೆಂದು ತೀರ್ಮಾನವಾಗಿಹೋಗಿತ್ತು.

ಮರುದಿನ ಆಫ್ತಾಬನ ಮೊಬೈಲ್ ಅಂಗಡಿಗೆ ಹೋದೆ. ಶ್ವೇತಾಳೂ ಬಂದಳು. ಬೇಡವೆಂದೆ. ಕೇಳಲಿಲ್ಲ. ಒಂದು ಸೀರೆ ಆರಿಸಲು ಮೂರು ಅಂಗಡಿ ಇಳಿಸುವವಳು, ಗಂಡ ದಿನವಿಡೀ ಕಣ್ಣು ನೆಡುವ ಜಾಗವನ್ನು ಅವನೊಬ್ಬನ ಪಾಲಿಗೆ ಬಿಟ್ಟಾಳೆಯೇ? ದುಡ್ಡು ಹಚ್ಚಿ ಆಡುವ ಆಟವೆಲ್ಲ ಈಗ ಕಾನೂನಿನಿಂದ ಬಂದ್ ಆಗಿದೆ, ಉಳಿದಿರುವುದು ಬರೀ ಪುಕ್ಕಟೆ ಚಿಪ್ಸಿನ ಆಟ ಎಂದು ಆಫ್ತಾಬ ಮೊದಲೇ ಹೇಳಿದ. ಚಿಪ್ಸು ತಿನ್ನಲು ಬರುತ್ತವೆಯೇ ಎಂದು ಶ್ವೇತಾ ವಿಚಾರಿಸಿದಳು. ಬರುವುದಿಲ್ಲ, ಅವು ಆಟದೊಳಗಿನ ಬಿಲ್ಲೆಗಳು ಎಂದು ಗೊತ್ತಾದ ಮೇಲೆ ಅವಳಿಗೆ ಅರ್ಧ ಆಸಕ್ತಿ ಹೋಯಿತು. ಉಳಿದರ್ಧದಲ್ಲೇ ಅವಳು ನನ್ನ ಬೆವರಿಳಿಸಿದಳು.

ಮೊದಲ ಸೈಟು ತೆರೆದ ಕೂಡಲೇ ಬಣ್ಣದ ದೀಪ, ಡೋಲು, ನಾಣ್ಯದ ಮಳೆ. ಇದು ಆಟವಾಡಿಸುವುದಿಲ್ಲ, ಆಡುವವರನ್ನೇ ಕುಣಿಸುತ್ತದೆ ಎಂದು ಶ್ವೇತಾ ಅದನ್ನು ಮುಚ್ಚಿಸಿದಳು. ಎರಡನೆಯದು ನನ್ನ ಊರು, ಓಣಿ, ಫೋಟೋ, ಫೋನಿನಲ್ಲಿರುವವರೆಲ್ಲರ ನಂಬರು ಕೇಳಿತು. (ನಮ್ಮ ಮದುವೆಯ ಮಾತುಕತೆಯಲ್ಲಿ ನನ್ನ ಮಾವನವರೂ ಇಷ್ಟು ಕೇಳಿರಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಎಂದು ಶ್ವೇತಾ ಆಗಾಗ ಅನ್ನುತ್ತಾಳೆ.) ಮೂರನೆಯದು ಶಾಂತವಾಗಿತ್ತು. ಹಸಿರು ಮೇಜು, ಸುತ್ತ ಕುರ್ಚಿ. ಒಂದು ಮೂಲೆಯಲ್ಲಿ ಟೂರ್ನಮೆಂಟಿನ ವೇಳಾಪಟ್ಟಿ, ಇನ್ನೊಂದು ಮೂಲೆಯಲ್ಲಿ ರ‍್ಯಾಂಕು ಹೇಗೆ ಕೊಡುತ್ತಾರೆಂಬ ವಿವರ.

“ಇದ ಇರ್ಲಿ,” ಎಂದಳು ಶ್ವೇತಾ. “ಹ್ಯಾಂಗ ತೂಗ್ತೀವಿ ಅಂತ ಮೊದಲ ಹೇಳ್ಯಾರ. ತಕ್ಕಡಿ ತೋರಸದ ಅಂಗಡ್ಯಾಗ ನಾ ಒಂದ ಸಾಸಿವಿ ಸೈತ ತಗೊಳ್ಳಂಗಿಲ್ಲ.”

ಗುರುಪಾದ ಆಡುತ್ತಿದ್ದುದೂ ಇದೇ ಸೈಟು ಎಂದು ಆಮೇಲೆ ತಿಳಿಯಿತು. ನನಗೆ ಅದು ದೈವಸಂಕಲ್ಪವಾಗಿ ಕಂಡಿತು.

ಪೋಕರ್ ದೊಡ್ಡ ವಿದ್ಯೆಯೇನಲ್ಲ. ಕೈಯಲ್ಲಿ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು. ಎಲ್ಲ ಕೂಡಿಸಿ ಯಾರ ಜೋಡಣೆ ಜೋರೋ ಅವರಿಗೆ ಚಿಪ್ಸು. ಎಲೆ ಚಲೋ ಇಲ್ಲದಿದ್ದರೆ ‘ಫೋಲ್ಡ್’ ಒತ್ತಿ ಆ ಸುತ್ತು ಬಿಟ್ಟುಬಿಡಬಹುದು. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮನಾಗಿ ಚಿಪ್ಸು ಹಂಚಿರುತ್ತಾರೆ. ಖಾಲಿಯಾದವನು ಎದ್ದುಹೋಗಬೇಕು. ಕೊನೆಯವರೆಗೆ ಕೂತವನು ವೀರ.

ರ‍್ಯಾಂಕಿನ ಲೆಕ್ಕವನ್ನು ನಾನು ಊಟದ ಹೊತ್ತಿನಲ್ಲಿ ಶ್ವೇತಾಳಿಗೆ ಬೋಧಿಸಿದೆ. ಹತ್ತು ಜನರೊಳಗೆ ಮೊದಲಿಗನಾದರೆ ಸಿಗುವ ಅಂಕ ಚಿಟಿಕೆಯಷ್ಟು, ಸಾವಿರಾರು ಜನರೊಳಗೆ ಐವತ್ತನೆಯವನಾದರೂ ಬೊಗಸೆಯಷ್ಟು. ಒಮ್ಮೆ ಗೆದ್ದು ಮೀಸೆ ತಿರುವಿದರೆ ಸಾಲದು, ಹಳೆಯ ಅಂಕ ತಿಂಗಳು ಕಳೆದಂತೆ ಒಣಗುತ್ತ ಹೋಗುತ್ತದೆ, ಮತ್ತೆ ಮತ್ತೆ ದೂರ ಹೋಗುತ್ತಲೇ ಇರಬೇಕು. ಶ್ವೇತಾ ಎಲ್ಲ ಕೇಳಿ, ಹಾಗಾದರೆ ಇದು ಅಡಿಗೆಯ ಹಾಗೆಯೇ ಆಯಿತು, ನಿನ್ನೆ ಮಾಡಿದ ಹೋಳಿಗೆಯ ಹೆಸರಲ್ಲಿ ಇವತ್ತು ಯಾರೂ ಹೊಗಳುವುದಿಲ್ಲ ಎಂದಳು. ನನ್ನ ಇಡೀ ಬೋಧನೆ ಒಂದು ಸಾಲಿಗೆ ಇಳಿದದ್ದು ನೋಡಿ ನನಗೆ ಬೇಸರವಾಯಿತು.

ಆಡತೊಡಗಿದೆ. ಮೊದಲ ದಿನ ಮೊದಲ ಎಲೆಗೇ ಇದ್ದ ಚಿಪ್ಸನ್ನೆಲ್ಲ ಮುಂದೆ ನೂಕಿದೆ. ಇದಕ್ಕೆ ‘ಆಲ್ ಇನ್’ ಎನ್ನುತ್ತಾರೆ. ಒತ್ತುವಾಗ ರಣರಂಗದಲ್ಲಿ ಕತ್ತಿ ಹಿರಿದ ಹಾಗಾಗುತ್ತದೆ, ಮರುಕ್ಷಣ ರಣರಂಗದ ಹೊರಗಿರುತ್ತೇವೆ. ಎರಡನೆಯ ದಿನವೂ ಹಾಗೆಯೇ. ವಾರ ಕಳೆಯಿತು. ನನ್ನ ರ‍್ಯಾಂಕು ಎಂಬತ್ತು ಸಾವಿರದ ಆಚೆ ಎಲ್ಲೋ ಯಾವಗಲ್ ಊರಿನ ಬಯಲಲ್ಲಿ ತಪ್ಪಿಸಿಕೊಂಡ ಎಮ್ಮೆಯ ಹಾಗೆ ತಿರುಗುತ್ತಿತ್ತು. ‘ಫೋಲ್ಡ್’ ಎಂಬುದೊಂದು ಇದೆಯಲ್ಲ, ಅದನ್ನಾದರೂ ಒತ್ತಬಾರದೇ ಎಂದು ಶ್ವೇತಾ ಕೇಳಿದಳು. ಫೋಲ್ಡ್ ಮಾಡುವುದು ಹೇಡಿಗಳ ಲಕ್ಷಣ, ನನಗೆ ಬರುವುದಿಲ್ಲ ಎಂದೆ.

“ಅದು ನನಗೂ ಗೊತ್ತೈತಿ,” ಎಂದಳು ಅವಳು. “ಒಗದು ಒಣಗಿದ ಅರಬಿ ಮೂರು ದಿನದಿಂದ ಮಡಚಲಾರದ ಹಂಗ ಬಿದ್ದಾವು.”

ಆಮೇಲೊಂದು ಸಂಜೆ ಚಮತ್ಕಾರವಾಯಿತು. ಟೂರ್ನಮೆಂಟ್ ಶುರುವಾಗುವ ಹೊತ್ತಿಗೆ ಸರಿಯಾಗಿ ಬೆಳವಣಕಿಯಿಂದ ಮದುವೆ ಭಾಂಡೆ ಕೊಳ್ಳುವವರು ಒಂದು ಟ್ರ್ಯಾಕ್ಟರ್ ತುಂಬ ಬಂದರು. ಫೋನನ್ನು ದುಡ್ಡಿನ ಗಲ್ಲೆಯ ಮೇಲೆ ಇಟ್ಟವನು, ಹಂಡೆ ಬಾರಿಸಿ ತೋರಿಸುತ್ತ, ತಾಟು ಎಣಿಸುತ್ತ ಪೂರ್ತಿ ಮರೆತುಬಿಟ್ಟೆ. ಗಿರಾಕಿಗಳು ಹೋದ ಮೇಲೆ ನೋಡುತ್ತೇನೆ, ನಾನಿನ್ನೂ ಆಟದಲ್ಲಿದ್ದೆ. ಒಡೆಯನಿಲ್ಲದ ಕುರ್ಚಿಯ ಎಲೆಯನ್ನು ಸೈಟು ತಾನೇ ಫೋಲ್ಡ್ ಮಾಡುತ್ತ ಹೋಗಿತ್ತು. ಸರದಿಗೆ ಕಡ್ಡಾಯವಾಗಿ ಕಟ್ಟಬೇಕಾದ ಚೂರುಪಾರು ಚಿಪ್ಸಷ್ಟೇ ಹೋಗಿ, ಅಷ್ಟರೊಳಗೆ ನನ್ನಂಥ ಕತ್ತಿ ಹಿರಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಸತ್ತಿದ್ದರು. ಅಂದು ನನ್ನ ರ‍್ಯಾಂಕು ಇಪ್ಪತ್ತು ಸಾವಿರ ಮೆಟ್ಟಿಲು ಹತ್ತಿತು.

ನಾನಿದ್ದಾಗ ಸೋಲು, ಇಲ್ಲದಾಗ ಏಳಿಗೆ. ಈ ಸತ್ಯದಲ್ಲಿ ಸ್ವಲ್ಪ ಅವಮಾನವಿತ್ತಾದರೂ ನಾನದನ್ನು ‘ತಾಳ್ಮೆಯ ತಂತ್ರ’ ಎಂದು ಹೆಸರಿಟ್ಟು ಮನೆಯಲ್ಲಿ ಘೋಷಿಸಿದೆ. ಫೋನು ಮೇಜಿನ ಮೇಲಿಟ್ಟು ಹೊರಗೆ ಹೋಗುವುದೇ ತಂತ್ರವೆಂಬುದನ್ನು ಮಾತ್ರ ಹೇಳಲಿಲ್ಲ. ಒಳಗೊಳಗೇ ಆಡುತ್ತಿರುತ್ತೇನೆ ಎಂಬ ಮುಖಭಾವ ಇಟ್ಟುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಗುರುಪಾದನ ಬೆನ್ನು ಕಾಣುವಷ್ಟು ಹತ್ತಿರ ಬಂದಿದ್ದೆ.

ಆಗ ಶ್ವೇತಾ ತಂಗಿಯನ್ನೂ ಗುರುಪಾದನನ್ನೂ ಭಾನುವಾರದ ಊಟಕ್ಕೆ ಕರೆದಳು. ತಂಗಿಯ ಹೆಸರು ಬೇರೆ ಏನೋ ಇದೆ, ಮೂವತ್ತು ದಾಟಿದರೂ ಎಲ್ಲರ ಬಾಯಲ್ಲಿ ಚಿನ್ನು. ಅಂದು ಮಧ್ಯಾಹ್ನ ತಿಂಗಳ ದೊಡ್ಡ ಟೂರ್ನಮೆಂಟ್ ಇತ್ತು. ಒಂದೇ ಪಡಸಾಲೆಯಲ್ಲಿ ಎದುರು ಬದುರು ಕೂತು ಆಡಿ, ಯಾರು ಮುಂದೆ ಹೋಗುತ್ತಾರೋ ನೋಡೇಬಿಡೋಣ ಎಂದು ಗುರುಪಾದ ಸವಾಲು ಹಾಕಿದ. ಹೂಂ ಎಂದೆ. ಆದರೆ ಕೂತು ಆಡಿದರೆ ನಾನು ಹತ್ತು ನಿಮಿಷ ಬಾಳುವವನಲ್ಲ.

ಶಾವಿಗೆ ಪಾಯಸ, ಬದನೆಕಾಯಿ ಎಣ್ಣೆಗಾಯಿ ಆಯಿತು. ಆಟ ಶುರುವಾಯಿತು. ನಾನು ಎರಡು ಎಲೆ ನೋಡಿ ಗಂಭೀರವಾಗಿ ತಲೆಯಾಡಿಸಿ, ಮನೆಯಲ್ಲಿ ಮೊಸರು ಮುಗಿದಿದೆಯಲ್ಲ, ತರುತ್ತೇನೆ ಎಂದು ಎದ್ದೆ. ಊಟವಾದ ಮೇಲೆ ಮೊಸರೇಕೆ ಎಂದು ಶ್ವೇತಾ ಕೇಳುವುದರೊಳಗೆ ಚಪ್ಪಲಿ ಮೆಟ್ಟಿದ್ದೆ. ಫೋನು ಟೀಪಾಯಿಯ ಮೇಲೆ ತಪಸ್ಸಿಗೆ ಕೂತಿತ್ತು.

ಪೇಟೆ ಸುತ್ತಿ, ಪರಿಚಯದವರ ಹತ್ತಿರ ಬೇಕಿಲ್ಲದ ಮಾತಾಡಿ, ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಹಿಂದಿನ ಕೋಣೆಗೆ ಹೋದೆ. ಅಲ್ಲಿ ಮೂಲೆಯ ಬಾಕಿನ ಮೇಲೆ ಗೋಡೆಗೆ ಮುಖ ಮಾಡಿ ಒಬ್ಬ ಗಿರಮಿಟ್ಟು, ಮಿರ್ಚಿ ತಿನ್ನುತ್ತಿದ್ದ. ತಲೆಯ ಮೇಲಿನ ಸಮೃದ್ಧ ಕೂದಲು ನೋಡಿಯೇ ಗುರುತು ಹಿಡಿದೆ.

ಗುರುಪಾದ ಮಿರ್ಚಿಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಬ್ಬರ ಕೈಯಲ್ಲೂ ಫೋನಿರಲಿಲ್ಲ.

“ಅಣ್ಣಾರ,” ಎಂದ ಕೊನೆಗೆ, “ನೀವೂನೂ ಹಿಂಗ ಏನ್ರಿ?”

ಅವನ ಹನ್ನೊಂದು ಸಾವಿರವೂ ಹೀಗೇ ಬಂದದ್ದಂತೆ. ಗೊಬ್ಬರದ ಅಂಗಡಿಯ ಗಲ್ಲೆಯೊಳಗೆ ಫೋನಿಟ್ಟು ಮಳೆಗಾಲದ ವ್ಯಾಪಾರಕ್ಕೆ ನಿಂತವನು, ಸೀಸನ್ ಮುಗಿಯುವುದರೊಳಗೆ ದೇಶದ ಆಟಗಾರನಾಗಿದ್ದ. ನಿಜವಾಗಿ ಕೂತು ಆಡಿದಾಗ ಅವನೂ ನನ್ನ ಹಾಗೆಯೇ ಕತ್ತಿ ಹಿರಿದು ಬೀಳುತ್ತಿದ್ದನಂತೆ. ಇಷ್ಟು ವರ್ಷಗಳಲ್ಲಿ ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅದೇ ಮೊದಲು. ಇನ್ನೊಂದು ಪ್ಲೇಟು ಮಿರ್ಚಿ ತರಿಸಿದೆವು. ಆ ತಾಸಿನಲ್ಲಿ ನಮ್ಮಿಬ್ಬರಷ್ಟು ಒಳ್ಳೆಯ ಷಡ್ಡಕರು ಇಡೀ ಗದಗ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಮನೆಗೆ ಬಂದರೆ (ಮೊಸರಿಲ್ಲದೆ) ಅಕ್ಕತಂಗಿಯರು ಸೋಫಾದ ಮೇಲೆ ಒತ್ತಿ ಕೂತು ನಮ್ಮ ಫೋನುಗಳನ್ನು ಹಿಡಿದಿದ್ದರು. ನಾವಿಬ್ಬರೂ ಬಾಗಿಲು ದಾಟಿದ ಕೂಡಲೇ ಖಾಲಿ ಕುರ್ಚಿಗಳನ್ನು ನೋಡಿ ಆಟಕ್ಕೆ ಕೂತರಂತೆ. ಬೇಕಾದ ಎಲೆ ಬಂದಾಗ ಆಡಿದ್ದಾರೆ, ಬೇಡವಾದಾಗ ಬಿಟ್ಟಿದ್ದಾರೆ, ನಡುನಡುವೆ ಶೇಂಗಾ ಸುಲಿದಿದ್ದಾರೆ. ಸಾವಿರಾರು ಜನ ಉದುರಿ, ಕೊನೆಗೆ ಉಳಿದ ಹತ್ತು ಮಂದಿಯ ಮೇಜಿನಲ್ಲಿ ಇವರಿಬ್ಬರೂ ಇದ್ದರು. ನನ್ನ ಹೆಸರಿನಲ್ಲಿ ಶ್ವೇತಾಳ ಮುಂದೆ ಚಿಪ್ಸಿನ ಗುಡ್ಡ. ಗುರುಪಾದನ ಹೆಸರಿನಲ್ಲಿ ಚಿನ್ನುವಿನ ಮುಂದೆ ನಾಲ್ಕು ಬಿಲ್ಲೆ.

ನಾನು ನೋಡುನೋಡುತ್ತಿದ್ದಂತೆಯೇ ಶ್ವೇತಾ, ಎರಡು ಮತ್ತು ಏಳು ಎಂಬ ದರಿದ್ರ ಎಲೆಗಳನ್ನಿಟ್ಟುಕೊಂಡು ಚಿನ್ನುವಿಗೆ ಎದುರಾಗಿ ಚಿಪ್ಸು ಸುರಿದಳು. ಸೋತಳು. ಇನ್ನೊಮ್ಮೆ ಸುರಿದಳು. ಮತ್ತೊಮ್ಮೆ ಸುರಿದಳು. ಹೀಗೆ ಸುರಿಯುತ್ತ ಸುರಿಯುತ್ತ ಗುಡ್ಡ ಪೂರ್ತಿ ಆ ಕಡೆ ಹೋಯಿತು. ನಾನು ಹತ್ತನೆಯವನಾಗಿ ಹೊರಬಿದ್ದೆ. ಗುರುಪಾದ ಮೂರನೆಯ ಸ್ಥಾನದವರೆಗೂ ಹೋದ.

“ಏನ್ ಮಾಡಿದಿ ಇದು?” ಎಂದೆ.

“ತಂಗಿ ಬರೀ ಕೈಲೆ ಕುಂತಿದ್ಲು,” ಎಂದಳು ಶ್ವೇತಾ. “ನಾ ಹ್ಯಾಂಗ ಅಷ್ಟೂ ಇಟಗೊಂಡು ಕುಂದರ್ಲ್ರಿ?”

ಸಂಜೆ ಚಹಾ ಕುಡಿಯುವಾಗ ಸೈಟಿನಿಂದ ನಮ್ಮಿಬ್ಬರಿಗೂ ಸಂದೇಶ ಬಂತು. ಒಂದೇ ಮನೆಯ ಒಂದೇ ವೈಫೈಯಿಂದ ಆಡಿದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಬೇಕೆಂದೇ ಚಿಪ್ಸು ಸುರಿದದ್ದು ಕಂಡುಬಂದಿದೆ, ಇದು ಒಳಸಂಚು, ವಿಚಾರಣೆ ಮುಗಿಯುವವರೆಗೆ ಇಬ್ಬರ ರ‍್ಯಾಂಕೂ ತಡೆಹಿಡಿಯಲಾಗಿದೆ, ಹೇಳುವುದಿದ್ದರೆ ಹೇಳಿ ಎಂದು. ಚಿನ್ನು ಪಾಪ, ಅಳುಮುಖ ಮಾಡಿದಳು. ಶ್ವೇತಾ ಮಾತ್ರ, ತಂಗಿಗೆ ಕೊಡುವುದು ಒಳಸಂಚಾದರೆ ತವರಿಗೆ ಕಳಿಸುವ ಬುತ್ತಿಯೂ ಒಳಸಂಚೇ ಎಂದು ಕಂಪನಿಯನ್ನೇ ಬೈದಳು.

ಗುರುಪಾದ ಒಂದೇ ಸಾಲು ಬರೆದ. ಎದುರಿನವನು ಕೆಟ್ಟ ಎಲೆಯಿಟ್ಟುಕೊಂಡು ಸೋತರೆ ನಾನೇನು ಮಾಡಲಿ, ಅವನ ಬುದ್ಧಿಗೆ ನಾನು ಹೊಣೆಯೇ ಎಂದು. ನನಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ನನ್ನ ಮಾನದ ಪ್ರಶ್ನೆ. ಪುಟ ತುಂಬ ಬರೆದೆ. ನಾನು ನಿರಪರಾಧಿ, ಆ ಎರಡು ಮತ್ತು ಏಳನ್ನು ಆಡಿದವನು ನಾನಲ್ಲ, ನನ್ನ ಧರ್ಮಪತ್ನಿ, ಅಂಥ ಎಲೆ ನಾನು ಕನಸಿನಲ್ಲೂ ಆಡುವವನಲ್ಲ, ಆಟದ ಬಹುಪಾಲು ಹೊತ್ತು ನಾನು ಚಹಾದಂಗಡಿಯಲ್ಲಿದ್ದೆ, ಅಷ್ಟೇ ಏಕೆ, ಹಿಂದೆ ಅಂಕ ಬಂದ ಯಾವ ಟೂರ್ನಮೆಂಟಿನಲ್ಲೂ ನಾನು ಕುರ್ಚಿಯ ಹತ್ತಿರವೇ ಇರಲಿಲ್ಲ. ಎರಡು ಸಲ ಓದಿ, ಅಲ್ಪವಿರಾಮ ಸರಿಪಡಿಸಿ ಕಳಿಸಿದೆ.

ಮೂರನೆಯ ದಿನ ಉತ್ತರ ಬಂತು. ಗುರುಪಾದನಿಗೆ ಒಂದು ಎಚ್ಚರಿಕೆ ಕೊಟ್ಟು ರ‍್ಯಾಂಕು ಮರಳಿಸಿದ್ದರು. ಮೂರನೆಯ ಸ್ಥಾನದ ಅಂಕ ಸೇರಿ ಅವನೀಗ ಸಾವಿರದೊಳಗೆ ಬಂದಿದ್ದ. ನನಗೆ, ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ ಹೇಳಿ, ತನ್ನ ಕುರ್ಚಿಯನ್ನು ಬೇರೆಯವರಿಗೆ ಆಡಲು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ತಿಳಿಸಿ, ಕಾಯಂ ಆಗಿ ಹೊರಹಾಕಿದ್ದರು.

ಗುರುಪಾದ ನರಗುಂದದಿಂದ ಫೋನು ಮಾಡಿದ. ಶ್ವೇತಾ ಅದನ್ನು ಎಲ್ಲರಿಗೂ ಕೇಳುವ ಹಾಗೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

“ಅಲ್ರಿ ಅಣ್ಣಾರ, ನಾ ಬರದಂಗ ಒಂದ ಸಾಲು ಬರದು ಬಿಡೂದಲ್ರಿ. ಖರೇ ಹೇಳಾಕ ಯಾಕ ಹೋದ್ರಿ?”

ಶ್ವೇತಾ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನನ್ನ ಪರವಾಗಿ ಹೇಳಿದಳು.

“ಮದುವಿ ಆದಾಗಿಂದ ‘ತಪ್ಪು ನಂದಲ್ಲ, ಹೆಂಡ್ತೀದು’ ಅಂತ ಹೇಳಾಕ ಒಂದ ಜಾಗಾ ಹುಡುಕಾಕತ್ತಿದ್ರು, ಗುರುಪಾದ ಅವರ. ಮನ್ಯಾಗ ಸಿಗಲಿಲ್ಲ. ಕಂಪನಿ ಸಿಕ್ತು.”