ಈಟಿ ರಾಣಿಗೆ ನಾನು ಕೊಟ್ಟ ಯೋಗ್ಯತಾ ಪತ್ರ

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಸಹಿ ಹಾಕಿದ ಒಂದೇ ಒಂದು ಲಿಫ್ಟ್ ಕೂಡ ನಡುದಾರಿಯಲ್ಲಿ ನಿಂತಿಲ್ಲ, ಗೊತ್ತಾ? ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಊರಿನ ಜನ ನೆಮ್ಮದಿಯಿಂದ ಮೇಲೆ ಹೋಗಿ ಕೆಳಗೆ ಬರುತ್ತಿದ್ದಾರೆ ಅಂದರೆ ಅದಕ್ಕೆ ಕಾರಣ ಮೋಟಾರೂ ಅಲ್ಲ, ಬ್ರೇಕೂ ಅಲ್ಲ. ನನ್ನ ಸಹಿ! ಪ್ರತಿ ಮಹಡಿಗೂ ಖುದ್ದಾಗಿ ಹೋಗಿ, ಬಾಗಿಲು ತೆಗೆಸಿ, ಹಾಕಿಸಿ, ಫಾರಮ್ಮಿನಲ್ಲಿ ಆ ಮಹಡಿಯ ಸಾಲು ತುಂಬಿದ ಮೇಲೆಯೇ ನಾನು 'ಯೋಗ್ಯ' ಅಂತ ಬರೆಯುವುದು. ಒಂದು ಮಹಡಿ ಬಿಟ್ಟುಹೋದರೂ ಆ ದಿನ ನನಗೆ ಊಟ ಸೇರುವುದಿಲ್ಲ.

ಇಂಥ ನನ್ನ ಮುಂದೆ ಒಂದು ಸೋಮವಾರ ಬೆಳಿಗ್ಗೆ ನನ್ನ ಹದಿನಾಲ್ಕು ವರ್ಷದ ಮಗಳು ಬಂದು ನಿಂತಳು.

"ಅಪ್ಪ, ಶನಿವಾರ ಸಂಜೆ ಆರಕ್ಕೆ 'ಈಟಿ ರಾಣಿಯ ಮನೆ' ಕೊನೇ ಎಪಿಸೋಡು. ನನ್ನ ಫ್ರೆಂಡ್ಸ್ ಎಲ್ಲ ಒಟ್ಟಿಗೆ ಕೂತು ನೋಡ್ತಾರೆ. ನಾನೂ ಹೋಗಬಹುದಾ? ಕ್ಲಾಸಲ್ಲಿ ನೋಡದೇ ಇರೋಳು ನಾನೊಬ್ಬಳೇ!"

ಈಟಿ ರಾಣಿ ಅಂದರೆ ಈಟಿ ಎಸೆತದ ಚಾಂಪಿಯನ್. ನನ್ನ ಮಗಳೂ ಶಾಲೆಯಲ್ಲಿ ಈಟಿ ಎಸೆಯುತ್ತಾಳೆ. ಅವಳ ಕೋಣೆಯ ಗೋಡೆ ತುಂಬ ಆಯಮ್ಮನದೇ ಚಿತ್ರ. ಮೈದಾನದಲ್ಲಿ ಈಟಿ ಎಸೆದುಕೊಂಡು ಸುಮ್ಮನಿರಬಾರದಿತ್ತೇ? ಇಲ್ಲ, ಮನೆ ತುಂಬ ಕ್ಯಾಮೆರಾ ಇಡಿಸಿಕೊಂಡು ಗಂಡ, ಅತ್ತೆ, ತಂಗಿ, ಕೋಚು ಎಲ್ಲರ ಜೊತೆಗಿನ ರಾಮಾಯಣವನ್ನೂ ಲೋಕಕ್ಕೆ ತೋರಿಸುತ್ತಿದ್ದಾಳೆ.

"ಹದಿಹರೆಯದ ಮಕ್ಕಳಿಗೆ ಅದು ಯೋಗ್ಯವೋ ಅಲ್ಲವೋ ಪರೀಕ್ಷೆ ಆಗಬೇಕು," ಎಂದು ನಾನು ಗಂಭೀರವಾಗಿ ಘೋಷಿಸಿದೆ. "ಬಂದಿರೋ ಹನ್ನೊಂದೂ ಎಪಿಸೋಡು ಖುದ್ದಾಗಿ ನೋಡ್ತೀನಿ. ಶುಕ್ರವಾರ ನಿನ್ನ ಕೈಗೆ ವರದಿ. ಲಿಖಿತ ರೂಪದಲ್ಲಿ!"

ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಪೇಪರ್ ತಿದ್ದುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಅವಳ ಪಕ್ಕದಲ್ಲಿ ಕೂತು ನೀವೂ ನೋಡಿದ್ರೆ ಆಗಲ್ವೇನ್ರೀ?"

"ಜನರನ್ನ ಹತ್ತಿಸಿಕೊಂಡು ಯಾರಾದ್ರೂ ಲಿಫ್ಟ್ ಪರೀಕ್ಷೆ ಮಾಡ್ತಾರೇನೇ? ನಿನಗೆ ಗೊತ್ತಾಗಲ್ಲ ಸುಮ್ಮನಿರು!"

ಸುಮ್ಮನಾದಳು. ಅವಳು ಸುಮ್ಮನಾದಾಗಲೆಲ್ಲ ನನಗೆ ಮುಂದೆ ಏನೋ ಕಾದಿರುತ್ತದೆ, ಆದರೆ ಅದು ನೆನಪಾಗುವುದು ಎಲ್ಲ ಮುಗಿದ ಮೇಲೆಯೇ.

ಸೋಮವಾರ ಊಟದ ಹೊತ್ತಿನಲ್ಲಿ, ಒಂದು ಕಟ್ಟಡದ ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಕೂತು, ಫೋನಿನಲ್ಲಿ ಮೊದಲನೆಯ ಎಪಿಸೋಡು ಹಚ್ಚಿದೆ. ಛೀ, ಏನು ಅಸಹ್ಯ! ಎರಡನೆಯದು ನೋಡಿದೆ. ಇದೆಂಥ ಮರ್ಯಾದೆಗೆಟ್ಟ ಸಂಸಾರ! ಮೂರನೆಯದನ್ನು ನೋಡಿಯೇಬಿಟ್ಟೆ. ಮಂಗಳವಾರ ನಾಲ್ಕನೆಯದರಲ್ಲಿ ಅತ್ತೆ ಹೇಳಿದ ಸುಳ್ಳು ಕೇಳಿ, ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದೆ. ಏಳರಲ್ಲಿ, ಹನ್ನೆರಡು ವರ್ಷ ರಾಣಿಯನ್ನು ತಿದ್ದಿ ತೀಡಿದ ಕೋಚು ಮಾತು ಬೆಳೆದು ಚೀಲ ಹೆಗಲಿಗೇರಿಸಿಕೊಂಡು ಮನೆಯಿಂದ ಹೊರಟೇಬಿಟ್ಟರು. ಆಹಾ, ಎಂಥ ಮನುಷ್ಯ! ಹೋಗುವಾಗಲೂ ಅವಳ ಈಟಿಯನ್ನು ಒರೆಸಿ ಗೋಡೆಗೆ ಒರಗಿಸಿಟ್ಟು ಹೋದರು. ನಾನು ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ.

"ಕಣ್ಣ ಸುತ್ತ ಏನ್ರೀ ಕಪ್ಪು?" ಎಂದಳು ಹೆಂಡತಿ ಸಂಜೆ.

"ಡ್ಯೂಟಿ!"

ಅವಳು ಅದನ್ನೂ ನಂಬಿಬಿಡುತ್ತಿದ್ದಳೇನೋ. ಆದರೆ ಆ ಕಾರ್ಯಕ್ರಮದಲ್ಲಿ ಒಂದು ಚಾಳಿಯಿದೆ. ಜಗಳವಾದ ಕೂಡಲೇ ಒಬ್ಬೊಬ್ಬರೂ ಪಕ್ಕದ ಕೋಣೆಗೆ ಹೋಗಿ, ಕ್ಯಾಮೆರಾದ ಮುಂದೆ ಕೂತು ಮನಸ್ಸಿನ ನೋವು ತೋಡಿಕೊಳ್ಳುತ್ತಾರೆ. ಬುಧವಾರ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಕಡೆ ತಿರುಗಿ, "ಉಪ್ಪು ಜಾಸ್ತಿ ಅಂತ ನಾನು ಹೇಳಲ್ಲ. ಆದರೆ ಒಳಗೆ ನೋವಾಗಿದೆ," ಎಂದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ!

"ಕಾರ್ಯಕ್ರಮ ನೋಡಿ ಮಕ್ಕಳು ಕೆಡ್ತಾರೆ ಅಂದ್ರಲ್ಲ, ಯಾವ ಮಕ್ಕಳೂಂತ ಹೇಳಲೇ ಇಲ್ಲ ನೀವು," ಎಂದಷ್ಟೇ ಹೇಳಿ ಹೋದಳು.

ಮುಖದ ನೀರಿಳಿಯಿತು. ಆ ಸಿಟ್ಟಿನಲ್ಲೇ ಗುರುವಾರ ಸಂಜೆ ವರದಿ ಬರೆಯಲು ಕೂತೆ. ನನ್ನ ಕೆಲಸವೆಂದರೆ ಶಿಸ್ತು. ಆಫೀಸಿನ ಫಾರಮ್ಮಿನಲ್ಲೇ ಬರೆದೆ. ಅದರಲ್ಲಿ ಮಹಡಿಗೊಂದು ಸಾಲಿದೆಯಲ್ಲ, ಎಪಿಸೋಡಿಗೊಂದು ಸಾಲು ತುಂಬಿದೆ. ಹನ್ನೊಂದು ಸಾಲು, ಕೊನೆಗೆ ತೀರ್ಪು, ಸಹಿ, ಸೀಲು! ಹೇಗಿದ್ದರೂ ಕೂತಿದ್ದೇನಲ್ಲ ಎಂದು, ಬೆಳಿಗ್ಗೆ ಪರೀಕ್ಷೆ ಮಾಡಿ ಬಂದಿದ್ದ ಒಂದು ಹನ್ನೊಂದು ಮಹಡಿಯ ವಸತಿ ಕಟ್ಟಡದ ಲಿಫ್ಟಿನ ಪ್ರಮಾಣಪತ್ರವನ್ನೂ ಬರೆದು ಮುಗಿಸಿದೆ. ಎರಡನ್ನೂ ಒಂದೇ ಥರದ ಎರಡು ಕಂದು ಲಕೋಟೆಗಳಿಗೆ ಹಾಕಿ, ಗೋಂದು ಹಚ್ಚಿ, ಸೀಲು ಹೊಡೆದೆ. ಶುಕ್ರವಾರ ಬೆಳಿಗ್ಗೆ ಒಂದನ್ನು ಮಗಳ ಮೇಜಿನ ಮೇಲಿಟ್ಟೆ. ಇನ್ನೊಂದನ್ನು ಆಫೀಸಿಗೆ ಹೋಗುವ ದಾರಿಯಲ್ಲಿ ಆ ಕಟ್ಟಡದ ಮ್ಯಾನೇಜರ್ ಕೈಗೆ ಕೊಟ್ಟೆ.

ಸಂಜೆ ಮನೆಗೆ ಅಳುಕುತ್ತಲೇ ಬಂದೆ. ಪಾಪ, ಮಗು ಅತ್ತು ಅತ್ತು ಮುಖ ಊದಿಸಿಕೊಂಡಿರುತ್ತದೆ! ನೋಡಿದರೆ ಮಗಳು ಓಡಿಬಂದು ನನ್ನನ್ನು ಅಪ್ಪಿಕೊಂಡಳು.

"ಥ್ಯಾಂಕ್ಸ್ ಅಪ್ಪ! ನೀವು ಇಷ್ಟು ಒಳ್ಳೆಯವರು ಅಂತ ಗೊತ್ತೇ ಇರಲಿಲ್ಲ!"

ಬೇಡ ಅಂದರೂ ಅಪ್ಪಿಕೊಳ್ಳುವ ಮಗಳು! ಇದಲ್ಲವೇ ಸಂಸ್ಕಾರ! ಹೆಂಡತಿಯ ಕಡೆ ಹೆಮ್ಮೆಯಿಂದ ನೋಡುತ್ತಿರುವಾಗಲೇ ಫೋನು ಬಡಿದುಕೊಂಡಿತು. ನಮ್ಮ ಸಾಹೇಬರು.

"ಏನ್ರೀ, ಆ ಹನ್ನೊಂದು ಮಹಡಿ ಕಟ್ಟಡದ ಲಿಫ್ಟಲ್ಲಿ ನೀವು ಹಾಕಿಸಿರೋದು ಏನು? ಓದ್ತೀನಿ ಕೇಳಿ. 'ನಾಲ್ಕು: ಅತ್ತೆ ಸುಳ್ಳು ಹೇಳುತ್ತಾರೆ. ಆರು: ಗಂಡ ಹೆಂಡತಿ ಜಗಳ, ಬಾಣಲೆ ಎಸೆತ. ಒಂಬತ್ತು: ಕದ್ದು ಸಿಗರೇಟು. ಒಟ್ಟಾರೆ ಸಂಸ್ಕಾರವಿಲ್ಲದ ಜನ. ಹದಿನೆಂಟು ವರ್ಷದೊಳಗಿನವರಿಗೆ ಯೋಗ್ಯವಲ್ಲ!' ಲಿಫ್ಟ್ ಪರೀಕ್ಷೆ ಮಾಡೋಕೆ ಹೋಗಿದ್ರೋ, ಮನೆಮನೆ ಬಾಗಿಲಿಗೆ ಕಿವಿ ಕೊಡೋಕೆ ಹೋಗಿದ್ರೋ?"

ಅಯ್ಯೋ, ಲಕೋಟೆ ಅದಲುಬದಲಾಗಿತ್ತು!

"ಬೆಳಿಗ್ಗೆಯಿಂದ ಆ ಕಟ್ಟಡದ ಒಂದು ಮಗುವೂ ಲಿಫ್ಟ್ ಹತ್ತಿಲ್ಲವಂತೆ! ನಾಳೆ ಸಂಜೆ ಐದೂವರೆಗೆ ನಿವಾಸಿಗಳ ಸಭೆ. ಅಸಲಿ ಪ್ರಮಾಣಪತ್ರ ತಗೊಂಡು ಹೋಗಿ, ಕ್ಷಮೆ ಕೇಳಿ ಬನ್ನಿ. ಅದೇ ನಂಬರಿನ ಫಾರಂ ಬೇಕು. ಇಲ್ಲದಿದ್ರೆ ಸೋಮವಾರದಿಂದ ಆಫೀಸಿಗೆ ಬರೋ ತೊಂದರೆ ತಗೋಬೇಡಿ!"

ಫೋನಿಟ್ಟು ಮಗಳ ಕಡೆ ತಿರುಗಿದೆ. "ಮರೀ, ಆ ಲಕೋಟೆಯಲ್ಲಿದ್ದದ್ದು..."

ಅವಳು ಓದಿದಳು, ವಾರ್ತೆ ಓದುವವರ ಹಾಗೆ. "'ಎಲ್ಲವನ್ನೂ ಖುದ್ದಾಗಿ ಪರೀಕ್ಷಿಸಿದ್ದೇನೆ. ಯಾವ ಅಪಾಯವೂ ಕಂಡುಬಂದಿಲ್ಲ. ಏಕಕಾಲಕ್ಕೆ ಎಂಟು ಜನ. ಮಕ್ಕಳ ಜೊತೆ ಹಿರಿಯರೊಬ್ಬರಿರಬೇಕು. ಒಂದು ವರ್ಷದವರೆಗೆ ಯೋಗ್ಯ.' ಅದಕ್ಕೇ ಏಳು ಜನ ಹುಡುಗಿಯರನ್ನ ನಮ್ಮ ಮನೆಗೇ ಕರೆದಿದ್ದೀನಿ ಅಪ್ಪ. ನಾನು ಎಂಟನೆಯವಳು. ಹಿರಿಯರು ಅಮ್ಮ."

"ಹಾಗಾದ್ರೆ ಅಮ್ಮ ಸೇರಿ ಒಂಬತ್ತಾಯ್ತಲ್ಲ!" ಎಂದೆ, ಹುಲ್ಲುಕಡ್ಡಿ ಸಿಕ್ಕಿತೆಂಬ ಆಸೆಯಿಂದ.

"ನಾನು ಬಾಗಿಲಲ್ಲಿ ನಿಂತ್ಕೋತೀನಿ ಬಿಡಿ," ಎಂದಳು ಹೆಂಡತಿ.

"ಅದು ಲಿಫ್ಟಿಂದು ಅಂತ ನಿನಗೆ ಗೊತ್ತಾಗಲಿಲ್ವೇನೇ?" ಎಂದು ಮಗಳನ್ನು ಕೇಳಿದೆ.

"ಗೊತ್ತಾಯ್ತು. ಆದ್ರೆ ಸಹಿ ನಿಮ್ಮದೇ ತಾನೇ? ಇಪ್ಪತ್ತೆರಡು ವರ್ಷದಲ್ಲಿ ಸಹಿ ಹಾಕಿದ ಒಂದನ್ನೂ ವಾಪಸ್ ತಗೊಂಡಿಲ್ಲ ಅಂತಿದ್ರಿ." ಆಮೇಲೆ ಅವಳ ದನಿ ಇಳಿಯಿತು. "ಅಪ್ಪ, ಎಲ್ಲರೂ ಆಗಲೇ ಬರ್ತೀನಿ ಅಂದಿದ್ದಾರೆ. ಈ ಫಾರಂ ಈಗಲೇ ಕೊಟ್ಬಿಡ್ತೀನಿ. ನೀವು ಬೇಡ ಅಂದ್ರೆ ಎಲ್ಲರಿಗೂ ಫೋನ್ ಮಾಡಿ ಹೇಳ್ತೀನಿ."

ಕೊಟ್ಟೇಬಿಟ್ಟಳು! ಚೌಕಾಸಿ ಮಾಡಿದ್ದರೆ ಕೂಗಾಡಿ ಗೆಲ್ಲಬಹುದಿತ್ತು. ಕೈಯಲ್ಲಿ ಫಾರಂ ಹಿಡಿದು ಆ ಮುಖ ನೋಡಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. "ಬರಲಿ ಬಿಡು," ಎಂದೆ. ದೊಡ್ಡ ಟಿವಿಗೆ ಜೋಡಿಸಿ ನೋಡಲಿ ಎಂದು, ಆ ಕಾರ್ಯಕ್ರಮ ಬರುವ ನನ್ನ ಫೋನನ್ನೂ ಮನೆಯಲ್ಲೇ ಬಿಟ್ಟುಹೋಗಲು ಒಪ್ಪಿದೆ. ಸಭೆ ಹತ್ತು ನಿಮಿಷದಲ್ಲಿ ಮುಗಿಸಿ, ಆರರೊಳಗೆ ಓಡಿಬಂದು, ಬಾಗಿಲ ಸಂದಿಯಿಂದಾದರೂ ಕೋಚು ವಾಪಸ್ ಬರುವುದನ್ನು ನೋಡಲೇಬೇಕೆಂದು ಒಳಗೊಳಗೇ ಶಪಥ ಮಾಡಿದೆ.

ಶನಿವಾರ ಐದೂವರೆಗೆ ಆ ಕಟ್ಟಡದ ಕೆಳಗೆ ಅರವತ್ತು ಜನ ಸೇರಿದ್ದರು. ಮ್ಯಾನೇಜರ್ ಮೊದಲೇ ಕೈ ತೊಳೆದುಕೊಂಡ. "ಸಾರ್, ಸೀಲ್ ಇತ್ತು, ಫ್ರೇಮಿಗೆ ಹಾಕ್ದೆ. ಸೀಲ್ ಇರೋದನ್ನ ಯಾರಾದ್ರೂ ಓದ್ತಾರಾ?"

ಆರನೇ ಮಹಡಿಯ ಯಜಮಾನಿತಿ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದರು. "ಬಾಣಲೆ ಎಸೆದೆ ಅಂತ ಬರೆದಿದ್ದೀರಲ್ಲ, ನೀವು ಕಣ್ಣಾರೆ ಕಂಡ್ರಾ? ನಾನು ಎಸೆದದ್ದು ಚಪ್ಪಲಿ!" ಅವರ ಗಂಡ ಕಂಬದ ಹಿಂದೆ ಸರಿದರು. ಒಂಬತ್ತನೇ ಮಹಡಿಯ ನಿವೃತ್ತ ಡಾಕ್ಟರು, "ನನ್ನ ಹೆಂಡತಿಗೆ ಗೊತ್ತಾಗಿದ್ದೇ ನಿಮ್ಮಿಂದ!" ಎಂದು ಹಲ್ಲು ಕಡಿದರು. ನಾಲ್ಕನೇ ಮಹಡಿಯ ಸೊಸೆಯೊಬ್ಬಳೇ ನನ್ನ ಪರ. "ಆ ಕಾಗದ ತೆಗೀಬೇಡಿ, ಸರ್ಕಾರಿ ಸೀಲಿದೆ, ಅದು ಸತ್ಯ!" ಎಂದು ಅಡ್ಡ ನಿಂತಳು.

"ಅಯ್ಯೋ, ಅದು ನಿಮ್ಮ ಬಗ್ಗೆ ಅಲ್ಲ, ಈಟಿ ರಾಣಿಯ ಮನೆ ಬಗ್ಗೆ!" ಎಂದು ಕೂಗಿದೆ.

ಸಭೆ ನಿಶ್ಶಬ್ದವಾಯಿತು. ಎಲ್ಲರೂ ನನ್ನ ಮಾತಿಗೆ ಮಣಿದರು ಎಂದುಕೊಂಡೆ. ಆದರೆ ಆರನೇ ಮಹಡಿಯವರು ಗಡಿಯಾರ ನೋಡಿ ಕಿರುಚಿದರು: "ಅಯ್ಯಯ್ಯೋ, ಆರು ಗಂಟೆ! ಕೊನೇ ಎಪಿಸೋಡು!"

ಅಷ್ಟೇ! ಅರವತ್ತು ಜನವೂ ಕಾಲಿಗೆ ಬುದ್ಧಿ ಹೇಳಿದರು. ಒಂಬತ್ತನೇ ಮಹಡಿಯ ಡಾಕ್ಟರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಹೊಸ ಪ್ರಮಾಣಪತ್ರ ಫ್ರೇಮಿಗೆ ಹಾಕಿ, ಮೊಳೆ ಹೊಡೆದು, ಮ್ಯಾನೇಜರ್ ಸಹಿ ಪಡೆಯಬೇಕಿತ್ತು. ಅವನೂ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಬಡಿದೆ, ಬೇಡಿಕೊಂಡೆ. "ಬ್ರೇಕ್ ಬರಲಿ ಸಾರ್!" ಎಂದ ಒಳಗಿನಿಂದ. ಆ ಬ್ರೇಕು ಬಂದದ್ದು ಆರೂಮುಕ್ಕಾಲಿಗೆ.

ಏದುಸಿರು ಬಿಡುತ್ತ ಮನೆ ಮುಟ್ಟಿದಾಗ ಏಳೂಕಾಲು. ಏಳೂ ಹುಡುಗಿಯರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಒಬ್ಬಿಬ್ಬರ ಕಣ್ಣು ಕೆಂಪಾಗಿತ್ತು. ಒಬ್ಬಳು, "ನಾನು ನಾಳೆ ನಮ್ಮ ಕೋಚ್ ಹತ್ರ ಸಾರಿ ಕೇಳ್ತೀನಿ ಕಣ್ರೇ. ಕಳೆದ ವಾರ ತುಂಬಾ ಜೋರು ಮಾಡ್ಬಿಟ್ಟೆ," ಎನ್ನುತ್ತಿದ್ದಳು. ಇನ್ನೊಬ್ಬಳು, "ಕ್ಯಾಮೆರಾ ಮುಂದೆ ಹಾಗೆಲ್ಲ ಅಳೋದು ಸುಮ್ನೆ ನಾಟಕ," ಎಂದಳು. ಮಗಳು ತಲೆಯಾಡಿಸಿ, "ಹ್ಞೂಂ, ಅರ್ಧ ನಾಟಕ. ಆದ್ರೂ ಎಸೆತ ಮಾತ್ರ ನಿಜ," ಎಂದು ನಕ್ಕಳು. ಅಬ್ಬಾ! ಹನ್ನೊಂದು ಎಪಿಸೋಡು ನೋಡಿದರೂ ನನಗೆ ಹೊಳೆಯದಿದ್ದುದು ನನ್ನ ಮಗಳಿಗೆ ಒಂದೇ ಎಪಿಸೋಡಿನಲ್ಲಿ ಹೊಳೆದಿತ್ತು. ಒಪ್ಪಿಕೊಳ್ಳುತ್ತೇನೆ, ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಆದರೆ ಅದೆಲ್ಲ ಆಮೇಲೆ!

"ಮರೀ, ಕೋಚ್ ವಾಪಸ್ ಬಂದ್ರಾ?"

ಮಗಳು ಅಮ್ಮನ ಮುಖ ನೋಡಿದಳು. ನಾನು ಟಿವಿಯ ಪಕ್ಕದಲ್ಲಿದ್ದ ನನ್ನ ಫೋನಿಗೆ ಕೈ ಹಾಕಿದೆ. ಹೆಂಡತಿ ನನಗಿಂತ ಮುಂಚೆ ಎತ್ತಿಕೊಂಡು, ಪೇಪರ್ ತಿದ್ದುವ ಕನ್ನಡಕ ಏರಿಸಿದಳು.

"ತಡೀರಿ. ಇದನ್ನ ನೋಡಿದ ಮೂರೇ ದಿನಕ್ಕೆ ಫ್ರಿಜ್ಜಿನ ಹತ್ರ ನೋವು ತೋಡಿಕೊಂಡವರು ನೀವು. ನಲವತ್ತೆಂಟು ವರ್ಷದವರಿಗೆ ಇದು ಯೋಗ್ಯವೋ ಅಲ್ಲವೋ ಪರೀಕ್ಷೆ ಆಗಬೇಕು. ಮೊದಲನೇ ಎಪಿಸೋಡಿನಿಂದ ನಾನು ಖುದ್ದಾಗಿ ನೋಡ್ತೀನಿ. ಶುಕ್ರವಾರ ನಿಮ್ಮ ಕೈಗೆ ವರದಿ."