ಹಳೇ ಡಬ್ಬಿಗೆ ಹೊಸ ಕಾರ್ಡು

ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇವತ್ತು ಸುಮ್ಮನೆ ಕೆಲಸ ಮಾಡಿ ಮನೆಗೆ ಹೋಗಬೇಕು ಎಂದುಕೊಂಡೇ ದಿನಾಲೂ ಬಾಗಿಲು ತೆರೆಯುತ್ತೇನೆ. ಬರುವವರು ಬಿಡುವುದಿಲ್ಲ. ಒಬ್ಬರು ಇರುವೆ ಹೊಕ್ಕಿವೆ ಎಂದು ಕೀಬೋರ್ಡನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ ತಂದಿರುತ್ತಾರೆ, ಇನ್ನೊಬ್ಬರು ಕಿರ್ ಅನ್ನುವ ಪ್ರಿಂಟರಿಗೆ ಕುಸುಬಿ ಎಣ್ಣೆ ಬಿಟ್ಟು ತಂದಿರುತ್ತಾರೆ. ನಕ್ಕರೆ ಗಿರಾಕಿ ಹೋಗುತ್ತದೆ, ನಗದಿದ್ದರೆ ನನ್ನ ಹೊಟ್ಟೆ ನೋಯುತ್ತದೆ. ಈ ಸಲವಂತೂ ಒಂದೇ ಕಂಪ್ಯೂಟರಿನಿಂದ ಇಷ್ಟೆಲ್ಲ ನಡೆಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಾಲಿ ಕಲಿತದ್ದು ಏಳನೇ ಇಯತ್ತೆಯವರೆಗೆ. ಈ ಕೆಲಸ ಕಲಿತದ್ದು, ಹೊಸ ಸಾಮಾನಿನ ಡಬ್ಬಿಯಲ್ಲಿ ಬರುವ ಸಣ್ಣ ಪುಸ್ತಕಗಳಿಂದ. ಎಲ್ಲರೂ ಅವನ್ನು ಎಸೆಯುತ್ತಾರೆ, ನಾನು ಆರಿಸಿ ತಂದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಹಾಗಾಗಿ ನನಗೆ ಗುರು ಇಲ್ಲ, ಯಾರ ಮುಂದೆಯೂ ತಲೆ ತಗ್ಗಿಸುವ ಅಭ್ಯಾಸವೂ ಇಲ್ಲ. ಎಲ್ಲ ಶುರುವಾದದ್ದು ಅದರಿಂದಲೇ.

ಡ್ಯೂಟಿ ಮ್ಯಾಲ ಅದೇನಿ

ನಮ್ಮ ಓಣಿಯಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದಾರೆ. ಎಲ್ಲರಿಗೂ ಕಾಕಾ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಮೂವತ್ತು ವರ್ಷ ಬಸ್ ಓಡಿಸಿದವರು. ಮನೆಯಲ್ಲಿ ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ಅವರ ಅಳಿಯ ತಾನು ಗೇಮ್ ಆಡಿ ಬಿಟ್ಟ ಹಳೆಯ ಕಂಪ್ಯೂಟರ್ ತಂದುಕೊಟ್ಟ. ಅದರಲ್ಲಿ ಬಸ್ ಓಡಿಸುವ ಆಟವಿತ್ತು. ಅಂದಿನಿಂದ ಕಾಕಾ ಮುಂಜಾನೆ ಖಾಕಿ ಅಂಗಿ ತೊಟ್ಟು ಅದರ ಮುಂದೆ ಕೂಡುವರು. ಅವರ ಹೆಂಡತಿ, ನಾವು ಕಾಕು ಅನ್ನುತ್ತೇವೆ, "ಬದನಿಕಾಯಿ ತರ್ರಿ" ಅಂದರೆ ತಿರುಗಿಯೂ ನೋಡದೆ "ಡ್ಯೂಟಿ ಮ್ಯಾಲ ಅದೇನಿ" ಅನ್ನುವರು.

ಒಂದು ದಿನ ಆ ಕಂಪ್ಯೂಟರಿನ ಡಬ್ಬಿ ಹೊತ್ತುಕೊಂಡು ಅಂಗಡಿಗೆ ಬಂದರು.

"ಅಕ್ಕಾರ, ಇಂಜಿನ್ನಿಗೆ ದಮ್ಮಿಲ್ಲರಿ. ದಿನ್ನಿ ಬಂತಂದ್ರ ಜಗ್ಗತೈತಿ, ನಿಂತ ನಿಂತ ಹೋಗತೈತಿ. ರಸ್ತಾ ಅಂತೂ ಧೂಳಿನ್ಯಾಗ ಹೋದಾಂಗ ಕಾಣತೈತಿ."

ಬಿಚ್ಚಿ ನೋಡಿದೆ. "ಇಂಜಿನ್ ಚಲೋ ಐತ್ರಿ ಕಾಕಾ. ಚಿತ್ರ ಮೂಡಸೂ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗೇತಿ. ಹೊಸಾದು ಹಾಕಿದ್ರ ರಸ್ತಾ ಸಾಫ್ ಕಾಣತೈತಿ. ಕರೆಂಟ್ ಮಾತ್ರ ಜಾಸ್ತಿ ತಿಂತೈತಿ, ಪವರ್ ಸಪ್ಲೈನೂ ಬದಲಿ ಮಾಡಬೇಕು."

"ತಿನ್ನಲಿ ಬಿಡ್ರಿ. ಎಕ್ಸ್‌ಪ್ರೆಸ್ ಗಾಡಿ ಆತು ಅಂತ ತಿಳ್ಕೊಂತೇನಿ."

ಎದುರಿಗೆ ಹೊಸ ಕಂಪ್ಯೂಟರ್ ಮಾರುವ ಅಂಗಡಿಯಿದೆ. ಅದರ ಮಾಲೀಕರು ಬಾಗಿಲಲ್ಲಿ ಚಹಾ ಕುಡಿಯುತ್ತ ಕೇಳಿಸಿಕೊಂಡರು.

"ಇಂಥಾ ಮುದಿ ಡಬ್ಬಿಗೆ ಹೊಸ ಕಾರ್ಡ್ ಕೂಡಂಗಿಲ್ಲ ಕಾಕಾ, ಹೊಸಾ ಕಂಪ್ಯೂಟರ್ ತಗೊಳ್ರಿ. ಅಕ್ಕಾರು ಪುಸ್ತಕ ಓದಿ ಕಲ್ತವರು. ಪುಸ್ತಕದಾಗ ಎಲ್ಲಾ ಆಗ್ತೈತಿ."

ನನ್ನ ಬಣ್ಣದ ಬಗ್ಗೆ ಅಂದಿದ್ದರೂ ಸುಮ್ಮನಿರುತ್ತಿದ್ದೆ. ಪುಸ್ತಕದ ಬಗ್ಗೆ ಅಂದರು.

"ಮುಂದಿನ ಸಂತಿ ದಿನ, ಎಲ್ಲಾರ ಮುಂದ, ಕಾಕಾ ಇದ ಡಬ್ಬ್ಯಾಗ ಮೊದಲನೇ ಸ್ಟ್ಯಾಂಡಿನಿಂದ ಕಡೇ ಸ್ಟ್ಯಾಂಡಿನ ತನಕ ಬಸ್ ಓಡಸ್ತಾರ. ನಡುವ ಒಂದ ಸಲ ಚಿತ್ರ ಜಗ್ಗಿದ್ರೂ ನನ್ನ ಬೋರ್ಡಿನ ಮ್ಯಾಲಿನ 'ರಿಪೇರಿ' ಅನ್ನೂ ಅಕ್ಷರಕ್ಕ ನಾನ ಡಾಂಬರ ಬಳೀತೇನಿ."

"ಜಗ್ಗಲಿಲ್ಲಂದ್ರ?"

"'ರಿಪೇರಿಗೆ ಎದುರಿನ ಅಕ್ಕಾರ ಅಂಗಡಿಗೆ ಹೋಗಿರಿ' ಅಂತ ನೀವ ಬರದು ನಿಮ್ಮ ಬಾಗಲಿಗೆ ಹಚ್ಚಬೇಕು."

ಅವರು ಆತು ಅಂದರು, ನಾನೂ ಆತು ಅಂದೆ. ಕಾಕಾ ಇಬ್ಬರ ಮುಖವನ್ನೂ ನೋಡಿ, "ಅಲ್ಲಾ, ಗಾಡಿ ನಂದಲ್ಲೇನು? ನನ್ನ ಯಾರೂ ಕೇಳವಲ್ಲರಿ" ಅಂದರು.

ಮಾಲೀಕರನ್ನ ಕರೀರಿ

ಕಾರ್ಡು ವಿಜಯಪುರದಿಂದ ಬಸ್ಸಿನಲ್ಲಿ ಬರಬೇಕಿತ್ತು. ಕಳಿಸಿದವರು ಫೋನ್ ಮಾಡಿ, "ನಾಜೂಕು ಸಾಮಾನು, ಅಂಗಡಿ ಮಾಲೀಕರ ಕೈಯಾಗ ಬಿಟ್ಟು ಮತ್ಯಾರಿಗೂ ಕೊಡಬ್ಯಾಡ್ರಿ ಅಂತ ಕಂಡಕ್ಟರಗ ಹೇಳೇನಿ" ಅಂದರು. ನಾನು ಸ್ಟ್ಯಾಂಡಿಗೆ ಹೋದೆ.

"ಕಂಪ್ಯೂಟರ್ ಅಂಗಡಿ ಪಾರ್ಸಲ್ ಕೊಡ್ರಿ."

"ಮಾಲೀಕರನ್ನ ಕರೀರಿ" ಅಂದರು ಕಂಡಕ್ಟರ್.

"ನಾನ ಮಾಲೀಕಳು."

"ಹೌದ್ರಿ ಬಾಯಾರ, ಆದ್ರ ನಿಮ್ಮ ಮನ್ಯಾವ್ರನ್ನ ಕರೀರಿ."

"ನಮ್ಮ ಮನ್ಯಾವ್ರು ತೊಗರಿ ಹೊಲದಾಗ ಅದಾರ. ಅವ್ರಿಗೆ ಕಂಪ್ಯೂಟರ್ ಚಾಲೂ ಮಾಡಾಕೂ ಬರಂಗಿಲ್ಲ."

ಪಾನ್ ಅಂಗಡಿಯವರು ನನ್ನ ಕಿವಿಯಲ್ಲಿ, "ಅಕ್ಕಾರ, ಒಂದ ನಿಮಿಷ ನಾನ ಮಾಲೀಕ ಅಂತೇನಿ, ಕೆಲಸ ಮುಗೀತೈತಿ" ಅಂದರು. ನಾನು ಬೇಡ ಅಂದೆ. ನನ್ನ ಅಂಗಡಿಗೆ ಒಂದು ನಿಮಿಷವೂ ಬೇರೆ ಮಾಲೀಕರು ಬೇಕಿಲ್ಲ. ಕಂಡಕ್ಟರ್ ಸೀಟಿ ಊದಿದರು. ನನ್ನ ಕಣ್ಣ ಮುಂದೆಯೇ ಕಾರ್ಡು ಕಲಬುರಗಿಗೆ ಹೋಯಿತು.

ಸಂಜೆ ಅದೇ ಬಸ್ ತಿರುಗಿ ಬಂದಾಗ ನಾನು ಅದೇ ಜಾಗದಲ್ಲಿ ನಿಂತಿದ್ದೆ. ಕೈಯಲ್ಲಿ ಅಂಗಡಿಯ ಲೈಸೆನ್ಸು, ಗಾಜಿನ ಚೌಕಟ್ಟಿನ ಸಮೇತ, ಗೋಡೆಯ ಮೊಳೆಯೂ ಜೋತಾಡುತ್ತಿತ್ತು. ಕಂಡಕ್ಟರ್ ಅದನ್ನು ಓದಲಿಲ್ಲ. ನನ್ನ ಮುಖ ನೋಡಿ ಪಾರ್ಸಲ್ ಕೈಗಿಟ್ಟರು.

"ಇಷ್ಟ ಸಿಟ್ಟು ಐತಂದ್ರ ಮಾಲೀಕರ ಇರಬೇಕ್ರಿ. ಮುಂಜಾನಿ ನಾ ಮಾರಿ ನೋಡಬೇಕಿತ್ತು."

ಎರಡು ಬೆರಳು

ಕಾರ್ಡು ಡಬ್ಬಿಯೊಳಗೆ ಹಿಡಿಯಲಿಲ್ಲ. ಎರಡು ಬೆರಳು ಉದ್ದ. ಎದುರಿನವರಿಗೆ ಗೊತ್ತಾಗುವ ಮೊದಲೇ ಒಳಗಿನ ಸಾಮಾನೆಲ್ಲ ಬಿಚ್ಚಿಟ್ಟು, ಖಾಲಿ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ವೆಲ್ಡಿಂಗ್ ಸಾಹೇಬರ ಹತ್ತಿರ ಹೋದೆ. ಅವರ ತಂದೆಯ ಕಾಲದಿಂದ ಆ ಮನೆಯವರು ಟ್ರ್ಯಾಕ್ಟರಿನ ಟ್ರೇಲರ್ ಮಾಡುತ್ತ ಬಂದಿದ್ದಾರೆ.

"ಎರಡ ಬೆರಳ ಜಾಗಾ ಬೇಕ್ರಿ ಸಾಹೇಬ್ರ."

"ಅಷ್ಟ ಏನು? ಬಿಟ್ಟು ಹೋಗ್ರಿ ಅಕ್ಕಾರ."

ಮರುದಿನ ಹೋದರೆ ನನ್ನ ಡಬ್ಬಿ ಗುರುತು ಸಿಗಲಿಲ್ಲ. ಸುತ್ತಲೂ ಕಬ್ಬಿಣದ ಪಟ್ಟಿ, ಕೆಳಗೆ ನಾಲ್ಕು ಕಾಲು, ಮೈತುಂಬ ಕೆಂಪು ಬಣ್ಣ, ಹಿಂದೆ ಒಂದು ಕೊಂಡಿ.

"ಕೊಂಡಿ ಯಾಕ್ರಿ?"

"ನಮ್ಮ ಕಡಿಂದ ಕೊಂಡಿ ಇಲ್ಲದ್ದು ಯಾವುದೂ ಹೊರಗ ಹೋಗಿಲ್ಲರಿ. ಇರಲಿ, ಮುಂದ ಬೇಕಾಗ್ತೈತಿ."

ಎರಡು ಜನ ಹಿಡಿದು ಆಟೋದಲ್ಲಿ ಇಟ್ಟರು. ಅಂಗಡಿಯಲ್ಲಿ ಇಳಿಸಿದ ಮೇಲೆ ಹಿಂಭಾಗ ಕಂಡಿತು. ಓಟ ಹೆಚ್ಚಾಗಲಿ ಎಂದು ನಾನು ಇಷ್ಟೆಲ್ಲ ಒದ್ದಾಡುತ್ತಿದ್ದ ಕಂಪ್ಯೂಟರಿನ ಮೇಲೆ ಸಾಹೇಬರು ಬಿಳಿ ಬಣ್ಣದಲ್ಲಿ ಚೆಂದಾಗಿ ಬರೆದಿದ್ದರು: ನಿಧಾನವಾಗಿ ಚಲಿಸಿರಿ.

ವಿಭೂತಿ

ಸಂತೆಯ ಹಿಂದಿನ ದಿನ ಹೊಸ ಪವರ್ ಸಪ್ಲೈ ಹಾಕಿ, ಕಾರ್ಡು ಕೂಡಿಸಿದೆ. ಕಾಕು ತಮ್ಮ ತವರಿನಿಂದ, ಇಂಡಿ ಊರಿನ ತೋಟದ ನಿಂಬೆಹಣ್ಣು ತಂದಿದ್ದರು.

"ಹೊಸಾ ಸಾಮಾನಿಗೆ ಪೂಜಿ ಇಲ್ಲದ ಚಾಲೂ ಮಾಡಬ್ಯಾಡವಾ."

ನಿಂಬೆಹಣ್ಣು ಹೊರಗೇ ಇರಲಿ ಎಂದು ಹೇಳಿ, ಸ್ಕ್ರೂ ಹುಡುಕಲು ಆ ಕಡೆ ತಿರುಗಿದೆ. ಅಷ್ಟರಲ್ಲಿ ಕಾಕು ಕಾರ್ಡಿನ ಫ್ಯಾನಿಗೆ ಮೂರು ಬೆರಳಿನಿಂದ ಧಾರಾಳವಾಗಿ ವಿಭೂತಿ ಹಚ್ಚಿಬಿಟ್ಟಿದ್ದರು. ನಾನು ನೋಡಲಿಲ್ಲ. ಎದುರಿನ ಅಂಗಡಿಯವರು "ಕೂತೇತೇನ್ರಿ ಕಾರ್ಡು?" ಎಂದು ತೆರೆದ ಡಬ್ಬಿಗೆ ಬಗ್ಗಿದರು. ನಾನು ಬಟನ್ ಒತ್ತಿದೆ. ಫ್ಯಾನು ತಿರುಗಿತು, ವಿಭೂತಿಯೆಲ್ಲ ಹೋಗಿ ಅವರ ಮುಖದ ಮೇಲೆ ಕೂತಿತು. ಎಷ್ಟು ತೊಳೆದರೂ ಹುಬ್ಬಿನೊಳಗೆ ಉಳಿಯಿತು. ಸಂಜೆಯವರೆಗೆ ಅವರ ಅಂಗಡಿಗೆ ಬಂದವರೆಲ್ಲ ಭಕ್ತಿಯಿಂದ ಕೇಳುತ್ತಿದ್ದರು, "ಲಚ್ಯಾಣ ಮಠಕ್ಕ ಹೋಗಿ ಬಂದ್ರೇನ್ರಿ?"

ನನಗೆ ನಗಲು ಪುರುಸೊತ್ತಿರಲಿಲ್ಲ. ಪರದೆ ಕಪ್ಪಗೇ ಇತ್ತು. ಕಾರ್ಡು ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಎದುರಿನಿಂದ ಧ್ವನಿ ಬಂತು, "ಡಾಂಬರ ತರಿಸಲ್ಯಾ ಅಕ್ಕಾರ?"

ಕಾಕು ನಿಂಬೆಹಣ್ಣು ಹಿಡಿದುಕೊಂಡೇ ಹಿಂದಿನಿಂದ ಬಗ್ಗಿ ನೋಡಿದರು. "ಅಲ್ಲವಾ ತಂಗಿ, ಹೊಸಾದಕ್ಕೂ ಅಂಥದ ತೂತು ಐತಲ್ಲ. ಟಿವಿ ವೈರ್ ಯಾಕ ಮ್ಯಾಲಿನ ತೂತಿನ್ಯಾಗ ಐತಿ?"

ಮಾನಿಟರಿನ ವೈರನ್ನು ಹೊಸ ಕಾರ್ಡಿಗೆ ಸಿಕ್ಕಿಸುವುದನ್ನೇ ಮರೆತು, ನಾನು ಮದರ್‌ಬೋರ್ಡಿನ ತೂತಿಗೆ ಸಿಕ್ಕಿಸಿದ್ದೆ. ಕಿತ್ತು ಕಾರ್ಡಿಗೆ ಸಿಕ್ಕಿಸಿದೆ, ಪರದೆ ಬೆಳಗಿತು.

"ನನಗ ಗೊತ್ತಿತ್ರಿ ಕಾಕು. ಮತ್ಯಾರಿಗರ ಹೊಳಿತೈತೇನು ಅಂತ ನೋಡಾಕತ್ತಿದ್ದೆ."

"ಎರಡ ತಾಸು ನೋಡಿದಿ ನೋಡವಾ" ಅಂದರು ಕಾಕು.

ಸಂತೆಯ ದಿನ

ಮರುದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಗೆ ಬಂದವರೆಲ್ಲ ಚೀಲದ ಸಮೇತ ಒಳಗೆ ನುಗ್ಗಿದ್ದರು. ಎದುರಿನವರು ನಿಜವಾಗಿಯೂ ಡಾಂಬರಿನ ಡಬ್ಬಿ ತಂದು ಹೊಸ್ತಿಲ ಮೇಲೆ ಇಟ್ಟಿದ್ದರು. ಕಾಕಾ ಖಾಕಿ ತೊಟ್ಟು ಕೂತರು. ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತೆ.

ಬಸ್ ಹೊರಟಿತು. ರಸ್ತೆಯ ಬಿಳಿ ಗೆರೆ, ಗಿಡದ ಎಲೆ, ಕನ್ನಡಿಯಲ್ಲಿ ಹಿಂದಿನ ಸೀಟು, ಎಲ್ಲ ಸಾಫಾಗಿ ಕಾಣುತ್ತಿತ್ತು. ದಿನ್ನೆ ಬಂತು, ಬಸ್ ಜಗ್ಗದೆ ಏರಿತು. ಎದುರಿನವರು ಡಾಂಬರಿನ ಡಬ್ಬಿಯನ್ನು ಕಾಲಿನಿಂದ ಸ್ವಲ್ಪ ಹಿಂದೆ ಸರಿಸಿದರು.

ಆಗ ಪರದೆಯಲ್ಲಿ ಒಂದು ಸ್ಟಾಪು ಬಂತು. ಚೀಲ ಹಿಡಿದ ಹೆಂಗಸೊಬ್ಬಳು ಕೈ ಮಾಡಿದಳು. ಕಾಕಾ ಅಭ್ಯಾಸದಂತೆ ಒಂದು ಕೈ ಎತ್ತಿ, ಹಿಂದೆ ಗಾಡಿ ಬರುತ್ತಿದೆ ಎಂದು ಪರದೆಗೇ ಸನ್ನೆ ಮಾಡಿ, ನಿಲ್ಲಿಸದೆ ಮುಂದೆ ಹೋದರು.

"ಏ, ನಿಂದ್ರಸಪಾ."

ಎಲ್ಲರೂ ತಿರುಗಿದೆವು. ಬಾಗೇವಾಡಿ ಹತ್ತಿರದ ಇಂಗಳೇಶ್ವರದ ಹಿರಿಯ ಹೆಣ್ಣುಮಗಳು. ಸಿಂದಗಿಯ ಮಗಳ ಮನೆಗೆ ಬಂದವರು, ಹೊಲದ ಪಹಣಿ ಉತಾರದ ಝೆರಾಕ್ಸ್ ಮಾಡಿಸಲು ನಿಂತಿದ್ದರು.

"ಆಕಿ ಕೈ ಮಾಡಾಕತ್ತಿದ್ಲಲ್ಲ, ಯಾಕ ಬಿಟ್ಟಿ?"

"ಇದು ಆಟ ಐತಬೇ ಯವ್ವಾ" ಅಂದರು ಕಾಕಾ, ರಸ್ತೆಯಿಂದ ಕಣ್ಣು ತೆಗೆಯದೆ. "ಮತ್ತ ಗಾಡಿ ಫುಲ್ ಐತಿ."

ಆಕೆ ಪರದೆಗೆ ಬಗ್ಗಿದರು. "ಕನ್ನಡ್ಯಾಗ ಕಾಣತೈತಲ್ಲ, ಹಿಂದ ಎಲ್ಲಾ ಸೀಟು ಖಾಲಿ ಅದಾವ." ಕಾರ್ಡು ಅಷ್ಟು ಚೆನ್ನಾಗಿ ತೋರಿಸುತ್ತಿತ್ತು. ಆಮೇಲೆ ಕಾಕಾನ ಮುಖಕ್ಕೆ ಬಗ್ಗಿದರು. "ನೀ ಬಾಗೇವಾಡಿ ಗಾಡಿ ಡ್ರೈವರ್ ಅಲ್ಲೇನು? ನಮ್ಮೂರ ಕ್ರಾಸಿನ್ಯಾಗ ಕೈ ಮಾಡಿ ಮಾಡಿ ನನ್ನ ರಟ್ಟಿ ಬಿದ್ದು ಹೋದ್ವು. ಆವಾಗೂ ಹಿಂಗ ಕೈ ಎತ್ತಿ ಹಿಂದಿನ ಗಾಡಿ ತೋರಸ್ತಿದ್ದಿ. ಆ ಹಿಂದಿನ ಗಾಡಿ ಇನ್ನಾ ಬಂದಿಲ್ಲ."

"ನಮ್ಮೂರಿಗೂ ಬಂದಿಲ್ಲರಿ" ಅಂದರು ಮುದ್ದೇಬಿಹಾಳ ಕಡೆಯ ಒಬ್ಬರು, ಮೂಲೆಯಿಂದ.

ಕಾಕಾ ಬಸ್ಸನ್ನು ರಸ್ತೆಯ ನಡುವೆಯೇ ನಿಲ್ಲಿಸಿ ಎದ್ದುಬಿಟ್ಟರು. "ನಾ ಓಡಸಂಗಿಲ್ಲ. ರಿಟೈರ್ ಆದ ಮ್ಯಾಲೂ ಬೈಸ್ಕೋಬೇಕೇನು?"

ಎದುರಿನವರು ಡಾಂಬರಿನ ಡಬ್ಬಿಯನ್ನು ಮತ್ತೆ ಮುಂದೆ ಸರಿಸಿದರು. "ಕಡೇ ಸ್ಟ್ಯಾಂಡ್ ಇನ್ನಾ ಬಂದಿಲ್ಲ ಅಕ್ಕಾರ."

ಜೀವನದಲ್ಲಿ ಯಾರಿಗೂ ಕೈ ಮುಗಿಯದ ನಾನು ಕಾಕಾನಿಗೆ ಕೈ ಮುಗಿದೆ. "ಕೂಡ್ರಿ ಕಾಕಾ. ನನ್ನ ಬೋರ್ಡು ನಿಮ್ಮ ಕೈಯಾಗ ಐತಿ."

"ಮೊದಲ ಹಿಂದಕ್ಕ ಹೋಗಿ ಆಕಿನ್ನ ಹತ್ತಿಸ್ಕೋಬೇಕು" ಅಂದರು ಇಂಗಳೇಶ್ವರದವರು. "ಇಲ್ಲಂದ್ರ ನಾ ಮುಂದ ಬಿಡಂಗಿಲ್ಲ."

"ಮೂವತ್ತ ವರ್ಷದಾಗ ಒಬ್ರ ಸಲುವಾಗಿ ರಿವರ್ಸ್ ಹಾಕಿಲ್ಲ."

ಇಂಗಳೇಶ್ವರದವರು ಕುರ್ಚಿಯತ್ತ ಬೆರಳು ತೋರಿಸಿದರು. ಕಾಕಾ ಕೂತರು. ಕತ್ತು ಹೊರಳಿಸಿ ಹಿಂದೆ ನೋಡಿದರು, ಹಿಂದೆ ಇದ್ದದ್ದು ನನ್ನ ಝೆರಾಕ್ಸ್ ಮಷಿನ್. ಬಸ್ ಮೆಲ್ಲಗೆ ಹಿಂದೆ ಬಂತು, ಚೀಲದವಳು ಹತ್ತಿದಳು. ಅಂಗಡಿಯಲ್ಲಿ ಚಪ್ಪಾಳೆ. ಅಲ್ಲಿಂದ ಮುಂದೆ ಬಸ್ ಜನರ ಕೈಗೆ ಹೋಯಿತು. ಪ್ರತಿ ಸ್ಟಾಪಿನಲ್ಲೂ "ನಿಂದ್ರಸ್ರಿ", "ಮುದುಕಿ ಇಳೀಲಿ ತಡೀರಿ", "ಆ ಹಸಿರ ಅಂಗಿಯಾಂವ ಬರಾಕತ್ತಾನ ನೋಡ್ರಿ". ಕಾಲು ತಾಸಿನ ದಾರಿಗೆ ಒಂದು ತಾಸು ಹಿಡಿಯಿತು. ಬಸ್ ಗಿಜಿಗಿಜಿ ತುಂಬಿ ಕಡೇ ಸ್ಟ್ಯಾಂಡ್ ಮುಟ್ಟಿತು. ಚಿತ್ರ ಒಮ್ಮೆಯೂ ಜಗ್ಗಲಿಲ್ಲ.

ಎದುರಿನವರು ಮಾತಿಗೆ ತಪ್ಪಲಿಲ್ಲ. ಚೀಟಿ ಬರೆದು ತಮ್ಮ ಬಾಗಿಲಿಗೆ ಹಚ್ಚಿದರು, ಅಂಟನ್ನು ಮಾತ್ರ ನನ್ನ ಅಂಗಡಿಯಿಂದಲೇ ಒಯ್ದರು. ಜನ ಚದುರಿದ ಮೇಲೆ ನಾನು ಬೋರ್ಡಿನ ಧೂಳು ಒರೆಸಿ, ಹೆಮ್ಮೆಯಿಂದ ಒಳಗೆ ಬಂದೆ. ಕಾಕಾ ಇನ್ನೂ ಕುರ್ಚಿಯಲ್ಲೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಹ್ಯಾಂಗ ಐತ್ರಿ ಕಾಕಾ ಹೊಸಾ ಕಾರ್ಡು?"

"ಚಲೋ ಐತಿ. ಆದ್ರ ಇದನ್ನ ತಗದು ಹಳೇದ ಹಾಕಿ ಕೊಡ್ರಿ ಅಕ್ಕಾರ" ಅಂದರು. "ಅದ್ರಾಗ ಸ್ಟಾಪಿನ ಮ್ಯಾಲ ಮಂದಿ ಕಾಣ್ತಿರಲಿಲ್ಲ, ಡ್ಯೂಟಿ ಆರಾಮ ಇತ್ತು."