ಮೂರು ದೋಣಿಗಳ ಒಡೆಯ

ಎಲ್ಲ ಅನಾಹುತಕ್ಕೂ ಮೂಲ ಒಂದು ಕಂದು ಬಣ್ಣದ ಕೋಟು.

ಅದು ಮಸೌತ್ಸೊನದಲ್ಲ, ನಾಟಕದ ತಂಡದ್ದು. ಸಂತೆಯ ಹಳೆಬಟ್ಟೆ ರಾಶಿಯಲ್ಲಿ ಹೆಕ್ಕಿ ತಂದದ್ದು. ಅದನ್ನು ತೊಟ್ಟು ಮೀನು ಸಾಹುಕಾರನ ಪಾತ್ರ ಮಾಡುತ್ತಿದ್ದವನಿಗೆ ಅಂದು ಬೆಳಿಗ್ಗೆ ಮಲೇರಿಯಾ ಬಂತು. ಶಾಲೆಯಿಂದ ಶಾಲೆಗೆ ಅಲೆದು, ಮಲೇರಿಯಾ ಬಾರದಂತೆ ಇರುವುದು ಹೇಗೆ ಎನ್ನುವುದನ್ನೂ ಮಕ್ಕಳಿಗೆ ಕಲಿಸುವ ತಂಡ ಅದು. ಆದರೆ ಸೊಳ್ಳೆಗಳು ನಾಟಕ ನೋಡುವುದಿಲ್ಲವಲ್ಲ. ತಂಡದ ಯಜಮಾನ ವೈಸನ್ ಸುತ್ತಲೂ ಕಣ್ಣಾಡಿಸಿದ. ಮೂಲೆಯಲ್ಲಿ ಸೊಳ್ಳೆವೇಷದ ರೆಕ್ಕೆ ಹೊಲಿಯುತ್ತ ಕೂತಿದ್ದ ಮಸೌತ್ಸೊನ ಮಡಿಲಿಗೆ ಕೋಟು ಬಂದು ಬಿತ್ತು.

"ಇವತ್ತು ನೀನೇ ಸಾಹುಕಾರ ಕಣಯ್ಯಾ. ಏಳು, ಎದೆ ಮುಂದೆ ಮಾಡ್ಕೊಂಡು ನಡಿ ನೋಡೋಣ."

ಮಸೌತ್ಸೊ ತಂಡ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯವರೆಗೆ ಅವನು ಸೊಳ್ಳೆಯಾಗಿದ್ದ, ಮಾವಿನ ಮರವಾಗಿದ್ದ, ಕಾಲರಾ ಬಡಿದ ಹೆಣವಾಗಿದ್ದ. ಹೆಣವಾಗಿ ಮಲಗಿದ್ದಾಗ ಒಮ್ಮೆ ಸೀನಿದ್ದಕ್ಕೆ ಮಕ್ಕಳು ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಬಿಟ್ಟರೆ ಅವನ ನಟನೆಗೆ ಬೇರೆ ಮೆಚ್ಚುಗೆ ಸಿಕ್ಕಿರಲಿಲ್ಲ. ಮಸೌತ್ಸೊ ಎಂದರೆ ಅವರ ನುಡಿಯಲ್ಲಿ ಕಷ್ಟಗಳು ಎಂದರ್ಥ. ಹುಟ್ಟಿದಾಗಿನ ಮನೆಯ ಸ್ಥಿತಿ ನೋಡಿ ಅಜ್ಜಿ ಇಟ್ಟ ಹೆಸರು. ಪಾಪ, ಹುಡುಗ ಆ ಹೆಸರನ್ನು ಉಳಿಸಿಕೊಂಡು ಬಂದಿದ್ದ.

ಮೊದಲ ಬಾರಿಗೆ ಮಾತಿರುವ ಪಾತ್ರ! ಅವನು ಕೋಟು ತೊಟ್ಟು, ಚೂಪು ಮೂತಿಯ ಬೂಟು ಮೆಟ್ಟಿ, ವ್ಯಾನು ಹತ್ತಿದ. ಸರೋವರದ ದಂಡೆಯ ರಸ್ತೆ ಹಿಡಿದ ಮೇಲೆ ಸುಮ್ಮನಿರಲಾರದೆ ಕೇಳಿದ.

"ಯಜಮಾನ್ರೇ, ಇವತ್ತು ಯಾವೂರು?"

"ಚಿಪೋಲ."

ಮಸೌತ್ಸೊ ಸೀಟಿನಿಂದ ಅರ್ಧ ಎದ್ದ.

ಚಿಪೋಲ ಎನೆಲೆಸ್‌ಳ ಊರು. ಎನೆಲೆಸ್ ಅವನು ಮದುವೆಯಾಗಬೇಕೆಂದಿರುವ ಹುಡುಗಿ. ಅವನು ಸೊಳ್ಳೆಯಾಗಿ ಗುಂಯ್‌ಗುಟ್ಟುವುದನ್ನು ಸಂತೆಯಲ್ಲಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ತಾನಾಗಿಯೇ ಬಂದು ಮಾತಾಡಿಸಿದವಳು. ಆದರೆ ಹೆಣ್ಣು ಒಪ್ಪಿದರೆ ಆಯಿತೇ? ಆ ಸೀಮೆಯಲ್ಲಿ ಹೆಣ್ಣು ಕೊಡುವವನು ಅಪ್ಪನೂ ಅಲ್ಲ, ಸೋದರಮಾವ. ಅವಳ ಸೋದರಮಾವ ಕಚಿಂಗ್ವೆ ಕಳೆದ ಮಳೆಗಾಲದ ಬಿರುಗಾಳಿಗೆ ಇದ್ದ ಒಂದೇ ದೋಣಿ ಕಳೆದುಕೊಂಡು, ಅಂದಿನಿಂದ ಯಾರನ್ನು ಕಂಡರೂ ಉರಿದು ಬೀಳುತ್ತಿದ್ದ. ಮಸೌತ್ಸೊನ ಕಡೆಯ ಹಿರಿಯರು ಎರಡು ಸಲ ಹೋಗಿ ಬಂದಿದ್ದರು. "ಹುಡುಗನ್ನೇ ಕಳಿಸಿ, ನೋಡ್ತೀನಿ" ಎಂದು ಕಚಿಂಗ್ವೆ ಹೇಳಿ ಕಳಿಸಿದ್ದು ಇದೇ ದಿನ ಮಧ್ಯಾಹ್ನಕ್ಕೆ. ನಾಟಕ ಮುಗಿಸಿಕೊಂಡು ಹೋದರಾಯಿತು ಎಂದು ಮಸೌತ್ಸೊ ಎಣಿಸಿದ್ದ. ಕಚಿಂಗ್ವೆಗೆ ಒಪ್ಪಿಗೆಯಾದರೆ ಮನೆಯ ಮುಂದೆ ಒಂದು ಹೇಂಟೆ ಕಟ್ಟುತ್ತಾನೆ. ಗಂಡಿನವರು ಹುಂಜ ತರುತ್ತಾರೆ. ಹುಂಜ ಹೇಂಟೆ ಕೈ ಬದಲಾದರೆ ಮಾತು ಮುಗಿದಂತೆ. ಒಪ್ಪದಿದ್ದರೆ ಎನೆಲೆಸ್‌ಳನ್ನು ಪಟ್ಟಣದ ಚಿಕ್ಕಮ್ಮನ ಮನೆಗೆ ಕಳಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಪಟ್ಟಣಕ್ಕೆ ಹೋದ ಹುಡುಗಿಯರು ಸೊಳ್ಳೆಗಳನ್ನು ನೆನಪಿಡುವುದಿಲ್ಲ.

"ಹುಡುಗ ಏನು ಕೆಲಸ ಮಾಡ್ತಾನೆ?" ಎಂದು ಮಾವ ಕೇಳಿದಾಗ ಎನೆಲೆಸ್, "ಶಾಲೆಗಳ ಕಡೆ ಏನೋ ಕೆಲಸ" ಎಂದಷ್ಟೇ ಹೇಳಿ ನೀರಿಗೆ ಹೋಗಿದ್ದಳಂತೆ.

"ಯಜಮಾನ್ರೇ, ಈ ಊರಲ್ಲಿ ನಾನು ಆ ಪಾತ್ರ ಮಾಡಕ್ಕಾಗಲ್ಲ. ನಾನು ಮರ ಆಗ್ತೀನಿ."

"ಮರಕ್ಕೆ ಶಾಲೇಲೇ ಮರ ಇದೆ" ಎಂದ ವೈಸನ್. "ನೀನೇನು ಹೆದರ್ಬೇಡ. ಕೊನೇಲಿ ಡೋಲು ಬಡಿದು, ಇದು ನಾಟಕ ಅಂತ ಹೇಳೇ ಹೇಳ್ತೀನಲ್ಲ."

ವೈಸನ್‌ನ ನಾಟಕದ ಗುಟ್ಟು ಇದೇ. ಪರದೆ ಇಲ್ಲ, ಬಣ್ಣ ಇಲ್ಲ, ನಾಟಕವೆಂದು ಮೊದಲೇ ಹೇಳುವುದೂ ಇಲ್ಲ. ಶಾಲೆಯ ಹೆಡ್‌ಮೇಡಮ್ ಒಬ್ಬರನ್ನು ಬಿಟ್ಟು ಯಾರಿಗೂ ತಿಳಿಯದ ಹಾಗೆ ನಟರು ಜನರ ನಡುವೆ ನುಗ್ಗಿ ಜಗಳ ತೆಗೆಯುತ್ತಾರೆ. ಜನ ನಿಜವೆಂದೇ ನಂಬಿ ಕುದಿಯುತ್ತಿರುವಾಗ ಮರದ ಹಿಂದಿನಿಂದ ಡೋಲು ಮೊಳಗುತ್ತದೆ. ನಟರು ಸಾಲಾಗಿ ನಿಂತು ಹಾಡುತ್ತಾರೆ. "ನಾಟಕ ಅಂತ ಗೊತ್ತಾದ್ರೆ ಮಕ್ಕಳು ನಕ್ಕು ಮರೀತಾರೆ, ನಿಜ ಅಂದ್ಕೊಂಡ್ರೆ ಸಾಯೋ ತನಕ ಮರೆಯಲ್ಲ" ಎಂಬುದು ವೈಸನ್‌ನ ಸಿದ್ಧಾಂತ. ಸಾಯುವ ಸರದಿ ಯಾರದೆಂದು ಅವನು ಹೇಳುತ್ತಿರಲಿಲ್ಲ.

ಚಿಪೋಲ ಶಾಲೆಯಲ್ಲಿ ಹುಡುಗಿಯರು ಅಂಗಳ ಗುಡಿಸುತ್ತಿದ್ದರು. ಜಗಲಿಯ ಬೆಂಚಿನ ಮೇಲೆ ಶಾಲಾ ಸಮಿತಿಯ ಹಿರಿಯರು ಕೂತಿದ್ದರು. ಅವರಲ್ಲೊಬ್ಬರಿಗೆ ಬಿಳಿ ಟೋಪಿ. ಪಕ್ಕದಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ಲು. ಎನೆಲೆಸ್ ಬಣ್ಣಿಸಿದ್ದ ಮಾವನೇ! ಮಸೌತ್ಸೊ ಕೋಟಿನ ಕಾಲರೆತ್ತಿ ಮುಖ ಮರೆಮಾಡಿಕೊಂಡ.

ಆದರೂ ಕಾಲು ನಡೆಯಿತು. ಕಥೆ ಇಷ್ಟೇ: ಸಾಹುಕಾರನೊಬ್ಬ ಎಂಟನೇ ತರಗತಿಯ ಹುಡುಗಿಗೆ ಫೋನಿನ ಆಸೆ ತೋರಿಸಿ, ಶಾಲೆ ಬಿಡಿಸಿ ಮದುವೆಯಾಗಲು ಬರುತ್ತಾನೆ. ತಂಡದ ಹುಡುಗಿಯೊಬ್ಬಳು ಯೂನಿಫಾರ್ಮ್ ತೊಟ್ಟು ಮಕ್ಕಳ ನಡುವೆ ನಿಂತು ಆಗಲೇ ಅಳಲು ಶುರು ಮಾಡಿದ್ದಳು. ಹೆಡ್‌ಮೇಡಮ್ ಜೆರೆ ಗಜಗಾತ್ರದ ಹೆಂಗಸು. ನಾಟಕ ಎಂದ ಕೂಡಲೇ ಅವರಿಗೆ ಎಲ್ಲಿಲ್ಲದ ಹುರುಪು ಬಂದಿತ್ತು.

"ಯಾರಯ್ಯಾ ನೀನು? ನನ್ನ ಶಾಲೆಯೊಳಕ್ಕೆ ನುಗ್ಗಕ್ಕೆ ಎಷ್ಟು ಧೈರ್ಯ? ಹೆಸರು ಹೇಳು!"

ಪಾತ್ರಕ್ಕೊಂದು ಹೆಸರಿತ್ತು. ಅದು ಆ ಕ್ಷಣಕ್ಕೆ ಸರಿಯಾಗಿ ತಲೆಯಿಂದ ಹಾರಿ ಹೋಯಿತು.

"ಮ... ಮಸೌತ್ಸೊ."

"ಯಾವೂರು?"

"ಕವಿಯ ಅನ್ನೋ ಊರು."

ಮರದ ಹಿಂದೆ ವೈಸನ್ ಹಣೆ ಚಚ್ಚಿಕೊಂಡ. ಜಗಲಿಯ ಮೇಲೆ ಬಿಳಿ ಟೋಪಿ ಅಲುಗಿತು. ಆದರೆ ವಿಚಿತ್ರ ನೋಡಿ, ಸ್ವಂತ ಹೆಸರು ಬಾಯಿಂದ ಬಿದ್ದದ್ದೇ ತಡ, ಮಸೌತ್ಸೊನೊಳಗೆ ಏನೋ ಕಟ್ಟೆಯೊಡೆಯಿತು. ಇನ್ನೊಬ್ಬರ ಕೋಟು, ಇನ್ನೊಬ್ಬರ ಬೂಟು. ಆಸೆ ಮಾತ್ರ ತನ್ನದೇ.

"ನನಗೆ ಮೂರು ದೋಣಿ ಇದೆ, ಗೊತ್ತಾ? ಮೂರಕ್ಕೂ ಇಂಜಿನ್ನಿದೆ! ತಗಡಿನ ಸೂರಿನ ಮನೆ ಇದೆ. ನನ್ನ ಕೈ ಹಿಡಿದೋಳ ಕಡೇವ್ರು ಯಾರೂ ಇನ್ಮೇಲೆ ಹರಿದ ಬಲೆ ಹೊಲೀಬೇಕಾಗಿಲ್ಲ. ಅವರಿಗೆ ಬೇಕಾದ್ದು ನಾನು ಕೊಡ್ತೀನಿ. ಕೇಳಿದ್ದು ಕೊಡ್ತೀನಿ!"

ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಬಡವನೊಬ್ಬ ಅಷ್ಟು ಚೆನ್ನಾಗಿ ಸಾಹುಕಾರನಾದದ್ದನ್ನು ಯಾರೂ ಕಂಡಿರಲಿಲ್ಲ. ಬಿಳಿ ಟೋಪಿಯವನು ಎದ್ದು ನಿಂತ. ಸೈಕಲ್ಲು ಹತ್ತಿದವನೇ ಹಿಂತಿರುಗಿಯೂ ನೋಡದೆ ಗೇಟು ದಾಟಿ ಹೋದ.

"ಅಯ್ಯೋ, ಅವರನ್ನ ತಡೀರಿ!" ಎಂದು ಮಸೌತ್ಸೊ ಅವನ ಹಿಂದೆ ಓಡಿದ. ಹುಡುಗಿಯರಿಗೆ ಕಂಡದ್ದು, ಕೆಟ್ಟ ಸಾಹುಕಾರ ತಪ್ಪಿಸಿಕೊಂಡು ಓಡುತ್ತಿರುವುದು. "ಹಿಡೀರೇ!" ಎಂದು ಒಬ್ಬಳು ಕೂಗಿದಳು. ಪೊರಕೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಸೌತ್ಸೊ ಕಾಲಿಗೆ ಬುದ್ಧಿ ಹೇಳಿದ. ಶಾಲೆಗೆ ಶಾಲೆಯೇ ಅವನ ಬೆನ್ನು ಹತ್ತಿತು. ವೈಸನ್ ಡೋಲು ಬಡಿದು, "ಮಕ್ಕಳೇ, ಇದು ನಾಟಕ!" ಎಂದು ಸಾರಿದಾಗ ಅಂಗಳದಲ್ಲಿ ಉಳಿದಿದ್ದವರು ಹೆಡ್‌ಮೇಡಮ್, ನಿದ್ದೆ ಹೋಗಿದ್ದ ಒಬ್ಬ ಸಮಿತಿ ಸದಸ್ಯ ಮತ್ತು ಒಂದು ಮೇಕೆ.

ಚೂಪು ಬೂಟು ಓಡುವುದಕ್ಕೆ ಮಾಡಿದ್ದಲ್ಲ. ಒಂದನ್ನು ಮರಳಿಗೆ ಕೊಟ್ಟು, ಮೀನು ಒಣಗಿಸುವ ಚಪ್ಪರದ ಕೆಳಗೆ ತೂರಿ ಅವನು ಅಡಗಿ ಕೂತ. ಪೊರಕೆಗಳು ಮುಂದಕ್ಕೆ ಹೋದವು. ಆದರೆ ಚಪ್ಪರದ ಸುತ್ತ ಹೆಂಗಸರಿದ್ದರು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಇವನೇ ಕಣ್ರೇ, ಹಾಲು ಕುಡಿಯೋ ಮಕ್ಕಳನ್ನ ಮದ್ವೆ ಆಗಕ್ಕೆ ಬಂದೋನು!" ಎಂದಳು ಒಬ್ಬ ಮುದುಕಿ, ಮೀನು ತಿರುಗಿಸುವ ಕೋಲಿನಿಂದ ಅವನ ಪಕ್ಕೆಗೆ ತಿವಿಯುತ್ತ.

"ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಅದು ನಾಟಕ!"

"ಸಿಕ್ಕಿಬಿದ್ದ ಮೇಲೆ ಎಲ್ಲಾರ್ದೂ ನಾಟಕವೇ. ಡೋಲಿಲ್ಲ, ಹಾಡಿಲ್ಲ, ಎಂಥ ನಾಟಕ? ನಾಟಕದೋನಾದ್ರೆ ಹಾಡು ನೋಡೋಣ!"

ಕೋಲು ಇನ್ನೊಮ್ಮೆ ತಿವಿಯಿತು. ಮಸೌತ್ಸೊ ಅಳುಮೋರೆ ಮಾಡಿಕೊಂಡು, ಒಂದೇ ಬೂಟಿನಲ್ಲಿ ಎದ್ದು ನಿಂತು, ಕೈ ತೊಳೆಯುವ ಹಾಡು ಹಾಡಿದ. ಊಟದ ಮುಂಚೆ ತೊಳೆದ, ಊಟದ ನಂತರ ತೊಳೆದ, ಕಕ್ಕಸಿಗೆ ಹೋಗಿ ಬಂದು ತೊಳೆದ. ಹೆಂಗಸರು ಸಾಲದೆಂದರು. ಸೊಳ್ಳೆಯಾಗಿ ಗುಂಯ್‌ಗುಟ್ಟಿದ. ಆಗ ಅವರಿಗೆ ನಂಬಿಕೆ ಬಂತು.

"ಥೂ, ಸೊಳ್ಳೆಯೋನು!" ಎಂದು ಮುದುಕಿ ನಿರಾಸೆಯಿಂದ ಕೋಲು ಕೆಳಗಿಟ್ಟಳು. "ಎದ್ದು ಹೋಗು, ಮೀನಿಗೆ ನೊಣ ಕೂರ್ತಾವೆ."

ಕೋಟಿನ ತುಂಬ ಮೀನಿನ ನಾತ ಹೊತ್ತು ಅವನು ಶಾಲೆಗೆ ಮರಳಿದ. ಜಗತ್ತಿನಲ್ಲಿ ತನ್ನಷ್ಟು ನತದೃಷ್ಟ ಇನ್ನೊಬ್ಬನಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ವೈಸನ್ ಮಾತ್ರ ಓಡಿ ಬಂದು ತಬ್ಬಿಕೊಂಡ.

"ಭೇಷ್! ಇಷ್ಟು ವರ್ಷದಲ್ಲಿ ನನ್ನ ನಟರನ್ನ ಯಾರೂ ಅಟ್ಟಿಸ್ಕೊಂಡು ಹೋಗಿರ್ಲಿಲ್ಲ ಕಣೋ!"

"ಯಜಮಾನ್ರೇ, ನನ್ನ ಮದುವೆ ಮುರಿದು ಬಿತ್ತು. ಹುಡುಗಿ ಮಾವ ಎಲ್ಲಾ ಕೇಳಿಸ್ಕೊಂಡು ಎದ್ದು ಹೋದ್ರು. ನೀವು ಬಂದು ನಿಜ ಹೇಳ್ಬೇಕು."

ಹೆಡ್‌ಮೇಡಮ್ ಸೊಂಟಕ್ಕೆ ಸುತ್ತಿದ ಬಟ್ಟೆ ಬಿಗಿದರು. "ಅವರು ಯಾಕೆ, ನಾನೇ ಬರ್ತೀನಿ ನಡಿ. ಈ ಊರಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ನೀನೊಬ್ಬ ಕೆಟ್ಟೋನಲ್ಲ ಅಂತ ಸಾಬೀತು ಮಾಡೋದು ನನ್ನ ಜವಾಬ್ದಾರಿ."

ಮೂವರೂ ಕಚಿಂಗ್ವೆಯ ಮನೆಗೆ ಹೋದರು. ದಾರಿಯಲ್ಲಿ ಮೇಡಮ್ ಮಸೌತ್ಸೊನ ಮನೆಯ ಸ್ಥಿತಿಗತಿಯನ್ನೆಲ್ಲ ಕೇಳಿ ತಿಳಿದುಕೊಂಡರು. ಹೆಣ್ಣು ಕೇಳಲು ಬಂದವನು ಹೆಣ್ಣಿನ ಮಾವನ ಮುಖ ನೋಡುವ ಹಾಗಿಲ್ಲ. ಅಂಗಳದಂಚಿನಲ್ಲೇ ಮೊಣಕಾಲೂರಿ, ತಲೆ ತಗ್ಗಿಸಿ, ಮಣ್ಣು ನೋಡಿಕೊಂಡೇ ಮಾತಾಡಬೇಕು. ಮಸೌತ್ಸೊ ಹಾಗೇ ಮಾಡಿದ. ಅವನ ಕಣ್ಣಿಗೆ ಬಿದ್ದದ್ದು ಹೊಸದಾಗಿ ಗುಡಿಸಿದ ಮಣ್ಣು, ಹಾಸಿದ ಒಂದು ಒಳ್ಳೆಯ ಚಾಪೆಯ ಅಂಚು, ಕಚಿಂಗ್ವೆಯ ಎರಡು ಪಾದ, ಅವುಗಳ ಹಿಂದೆ ಅತ್ತಿತ್ತ ಆಡುವ ಎರಡು ಹಳದಿ ಕಾಲು. ತಲೆಯ ತುಂಬ ಕಲಿತು ತಂದ ಮಾತುಗಳಿದ್ದವು. ಕಂಡದ್ದು ಒಳಗಿಳಿಯಲಿಲ್ಲ.

"ಬಾಪ್ಪಾ ಮಸೌತ್ಸೊ, ಬಾ," ಎಂದ ಕಚಿಂಗ್ವೆ. "ನಾನು ಬೆಳಿಗ್ಗೆ—"

"ಮಾವಯ್ಯಾ, ನೀವೇನೂ ಹೇಳ್ಬೇಡಿ! ಮೊದಲು ನನ್ನ ಮಾತು ಕೇಳಿ. ನೀವು ಬೆಳಿಗ್ಗೆ ನೋಡಿದ್ದು ನಾನಲ್ಲ."

ಒಳಗಿನಿಂದ ಎನೆಲೆಸ್ ಕೆಮ್ಮಿದಳು. ಒಲೆಯ ಹೊಗೆ ಇರಬೇಕು ಎಂದುಕೊಂಡ ಮಸೌತ್ಸೊ.

"ಅದೆಲ್ಲ ನಾಟಕ. ಆ ಹುಡುಗಿ ನಮ್ಮ ತಂಡದೋಳೇ. ನಾನು ಅಂಥೋನಲ್ಲ."

"ಅಂಥೋನಲ್ಲ ಅಂತ ನನಗೂ ಅನ್ನಿಸ್ತು," ಎಂದ ಕಚಿಂಗ್ವೆ. "ಗಂಡಸು, ಎಲ್ಲೋ ಕಾಲು ಜಾರಿರ್ತಾನೆ, ಬುದ್ಧಿ ಹೇಳಿದ್ರೆ ತಿದ್ಕೋತಾನೆ. ಅದು ಬಿಡು. ಆ ದೋಣಿ—"

ಒಳಗೆ ಕೆಮ್ಮು ಜೋರಾಯಿತು.

"ದೋಣಿನೂ ಸುಳ್ಳು!" ಎಂದ ಮಸೌತ್ಸೊ, ಪ್ರಾಮಾಣಿಕತೆ ಉಕ್ಕಿ. "ಮೇಡಮ್, ನೀವೇ ಹೇಳಿ!"

ಜೆರೆ ಮೇಡಮ್ ಅಸೆಂಬ್ಲಿಯ ದನಿ ತೆಗೆದರು. "ಕಚಿಂಗ್ವೆಯವರೇ, ನಾನು ಗ್ಯಾರಂಟಿ. ಈ ಹುಡುಗನ ಹತ್ರ ದೋಣಿ ಇರಲಿ, ಹುಟ್ಟೂ ಇಲ್ಲ. ಮನೆಗೆ ತಗಡಿಲ್ಲ, ಹುಲ್ಲು. ಈ ಕೋಟೂ ಅವನದಲ್ಲ, ಈ ಬೂಟೂ ಅವನದಲ್ಲ. ಒಟ್ನಲ್ಲಿ ಅವನದು ಅಂತ ಏನೂ ಇಲ್ಲ! ಅಪ್ಪಟ ಸೊಳ್ಳೆ."

"ಸೊಳ್ಳೆ ಪಾತ್ರ," ಎಂದು ವೈಸನ್ ತಿದ್ದಿದ. "ಬಹಳ ಒಳ್ಳೇ ಸೊಳ್ಳೆ."

ಕೆಮ್ಮು ನಿಂತಿತು. ಎದುರಿನ ಪಾದಗಳು ಒಂದು ಹೆಜ್ಜೆ ಹಿಂದೆ ಸರಿದವು. ಕಚಿಂಗ್ವೆ ಮಾತಾಡಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದೋಣಿ ಮುಳುಗಿದ ದಿನದ ದನಿ ಅದು.

"ಮೂರರಲ್ಲಿ ಒಂದು ನನಗೆ ಕೊಡ್ತಾನೆ ಅಂದ್ಕೊಂಡಿದ್ದೆ. ಹೆಸರು, ದೋಣಿ ಎರಡೂ ಕೇಳಿದ ತಕ್ಷಣ ಓಡಿ ಬಂದೆ, ಮನೇಲಿ ಎಲ್ಲಾ ಸಿದ್ಧ ಮಾಡ್ಬೇಕಲ್ಲ ಅಂತ. ಬಲೆನೂ ಬಿಚ್ಚಿ ಬಿಸಿಲಿಗೆ ಹಾಕಿದ್ದೆ."

ಆಗ ಮಸೌತ್ಸೊ ತಲೆಯೆತ್ತಿದ. ಎತ್ತಬಾರದಾಗಿತ್ತು, ಆದರೂ ಎತ್ತಿದ. ಬಾಗಿಲ ಕಂಬಕ್ಕೆ ಒಂದು ಹೇಂಟೆ ಕಟ್ಟಿತ್ತು. ಕೊರಳಿಗೆ ಕೆಂಪು ಬಟ್ಟೆಯ ಚೂರು ಬೇರೆ.

"ಮಾವಯ್ಯಾ..." ಅವನು ಮೊಣಕಾಲಲ್ಲೇ ಮುಂದಕ್ಕೆ ತೆವಳಿದ. "ದೋಣಿ ಇಲ್ದಿದ್ರೆ ಏನಾಯ್ತು, ದುಡೀತೀನಿ. ನಿಮ್ಮ ಹುಡುಗೀನ ಚೆನ್ನಾಗಿ ನೋಡ್ಕೋತೀನಿ. ದೇವರಾಣೆ ನಿಜ."

ಕಚಿಂಗ್ವೆ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬೆಳಿಗ್ಗೆನೂ ಹೀಗೇ ಹೇಳಿದೆ ಕಣಪ್ಪಾ. ಕಣ್ಣಲ್ಲಿ ಇದೇ ನೀರಿತ್ತು. ನಾನು ನಂಬಿದೆ."

ವೈಸನ್ ಹೆಮ್ಮೆಯಿಂದ ಎದೆಯುಬ್ಬಿಸಿ, "ಕೇಳಿದ್ಯಾ? ನಟನಿಗೆ ಇದಕ್ಕಿಂತ ದೊಡ್ಡ ಬಿರುದು ಇಲ್ಲ! ನಾಳೆಯಿಂದ ಆ ಪಾತ್ರ ನಿಂದೇ" ಎಂದ. ಆಮೇಲೆ ನಾಳೆಗೆ ಒಗೆಸಬೇಕೆಂದು ಅಲ್ಲೇ ಕೋಟು ಬಿಚ್ಚಿಸಿಕೊಂಡ.

ಎನೆಲೆಸ್ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ನಾನು ಕೆಮ್ಮಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಹೊಗೆ ಅಂದ್ಕೊಂಡೆ."

"ಒಲೆ ಹಚ್ಚೇ ಇಲ್ಲ," ಎಂದಳು ಅವಳು. ಬಗ್ಗಿ ಹೇಂಟೆಯ ಕಾಲಿನ ಹಗ್ಗ ಬಿಚ್ಚಿ, ಕೆಂಪು ಬಟ್ಟೆಯನ್ನು ಕೈಯಲ್ಲಿ ಮುದುಡಿಕೊಂಡು ಒಳಗೆ ಹೋದಳು.

ಹೇಂಟೆ ಒಂದು ಗಳಿಗೆ ನಿಂತಲ್ಲೇ ನಿಂತಿತು. ಆಮೇಲೆ ಕಾಲು ಝಾಡಿಸಿ, ಮೊಣಕಾಲೂರಿ ಕೂತಿದ್ದ ಮಸೌತ್ಸೊನ ಪಕ್ಕದಲ್ಲೇ ಹಾದು, ಮಣ್ಣು ಕೆದಕುತ್ತ ಹೊರಟುಹೋಯಿತು. ಆ ದಿನ ಆ ಊರಲ್ಲಿ ಬಿಡುಗಡೆಯಾದದ್ದು ಅದೊಂದೇ.